ಅಂಬಿಗೊಂದು ಮನಸ್ಸಿದ್ದರೆ

ನಮ್ಮ ನೆರೆಯ ಮಲೆಯಾಳಿಗಳಲ್ಲಿ ಒಂದು ಗಾದೆಯಿದೆ: ಎಯ್ದವನಿರುವಾಗ ಅಂಬನ್ನು ಹಳಿಯುವುದೇಕೆ? ಇದೇ ಅರ್ಥದ ಮಾತು ಕನ್ನಡದಲ್ಲೂ ಬಳಕೆಯಲ್ಲಿದೆ. ಎರಡೂ ಭಾಷೆಗಳನ್ನು ಕೇಳುತ್ತ ಬೆಳೆದ ನಮಗೆ ಯಾವುದು ಯಾರದ್ದೆಂದು ಹೇಳುವುದು ಕಷ್ಟ. ಗಾದೆಯಲ್ಲಿ ನ್ಯಾಯವಿದೆ, ಸಣ್ಣವನ ಮೇಲೆ ಕರುಣೆಯೂ ಇದೆ. ಆದರೆ ಅಂಬಿಗೆ ಕಣ್ಣಿಲ್ಲ, ತಾನು ಯಾರ ಎದೆಗೆ ನಾಟುತ್ತೇನೆಂದು ಅದಕ್ಕೆ ಗೊತ್ತಿಲ್ಲ. ಅಂಬಿನ ಜಾಗದಲ್ಲಿ ಒಬ್ಬ ಮನುಷ್ಯನಿದ್ದರೆ ಈ ಗಾದೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ? ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ನೆನಪಾಗುವವನು ಹೆರಾಲ್ಡ್ ಲಾರ್‌ವುಡ್ ಎಂಬ ಇಂಗ್ಲೆಂಡಿನ ವೇಗದ ಬೌಲರ್.

ಕ್ರಿಕೆಟ್ ಬಲ್ಲವರಿಗೆ ಈ ಹೆಸರು ಗೊತ್ತು. ಬಾರದವರೂ ಬೇಸರಿಸದೆ ಸ್ವಲ್ಪ ಕೇಳಬೇಕು, ಏಕೆಂದರೆ ನಾನು ಹೇಳಹೊರಟಿರುವುದು ಆಟಕ್ಕಿಂತ ಹೆಚ್ಚಾಗಿ ಅವನ ನಡತೆಯನ್ನು ಕುರಿತು.

ಲಾರ್‌ವುಡ್ ಹುಟ್ಟಿದ್ದು 1904ರಲ್ಲಿ, ನಾಟಿಂಗ್‌ಹ್ಯಾಮ್‌ಶೈರ್‌ನ ನನ್‌ಕಾರ್‌ಗೇಟ್ ಎಂಬ ಹಳ್ಳಿಯಲ್ಲಿ. ತಂದೆ ಕಲ್ಲಿದ್ದಲ ಗಣಿಯ ಕೆಲಸಗಾರ. ಹದಿನಾಲ್ಕನೆಯ ವಯಸ್ಸಿಗೆ ಮಗನೂ ಗಣಿಗಿಳಿದ. ಅಲ್ಲಿ ಕಲ್ಲಿದ್ದಲ ಬಂಡಿ ಎಳೆಯುವ ಕುದುರೆಮರಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಎತ್ತರ ಸುಮಾರು ಐದು ಅಡಿ ಎಂಟು ಅಂಗುಲ, ವೇಗದ ಬೌಲರನಿಗೆ ಅದೇನೂ ದೊಡ್ಡ ಎತ್ತರವಲ್ಲ. ಆದರೆ ಗಣಿ ಅವನ ಬೆನ್ನನ್ನೂ ಭುಜಗಳನ್ನೂ ಗಟ್ಟಿ ಮಾಡಿತ್ತು. 1924ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ತಂಡಕ್ಕೆ ಆಡಿದ. 1926ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯದ ಎದುರು ಇಂಗ್ಲೆಂಡಿಗೆ ಆಡಿದ. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಅವನು ಪಡೆದ ವಿಕೆಟ್‌ಗಳು 1427. ಇಂಗ್ಲೆಂಡಿನ ಬೌಲಿಂಗ್ ಸರಾಸರಿಯ ಪಟ್ಟಿಯಲ್ಲಿ ಐದು ವರ್ಷ ಅವನೇ ಮೊದಲಿಗ. ಹೀಗಿದ್ದೂ ಅವನು ಆಡಿದ ಟೆಸ್ಟ್‌ಗಳು 21 ಮಾತ್ರ. ಅದೇಕೆ ಹಾಗಾಯಿತೆಂಬುದೇ ಇಲ್ಲಿಯ ಕಥೆ.

1930ರಲ್ಲಿ ಡಾನ್ ಬ್ರಾಡ್‌ಮನ್ ಇಂಗ್ಲೆಂಡಿಗೆ ಬಂದು ಐದು ಟೆಸ್ಟ್‌ಗಳಲ್ಲಿ 974 ರನ್ ಹೊಡೆದುಹೋಗಿದ್ದ. ಅವನನ್ನು ಕಟ್ಟಿಹಾಕಲು ಇಂಗ್ಲೆಂಡಿನ ನಾಯಕ ಡಗ್ಲಾಸ್ ಜಾರ್ಡಿನ್ ಒಂದು ಉಪಾಯ ಹೂಡಿದ. ಈತ ಮುಂಬಯಿಯಲ್ಲಿ ಹುಟ್ಟಿದವನು, ಆಕ್ಸ್‌ಫರ್ಡಿನಲ್ಲಿ ಕಲಿತವನು. ಚೆಂಡನ್ನು ದಾಂಡಿಗನ ಮೈಗೆ ಗುರಿಯಿಟ್ಟು ಪುಟಿಯುವಂತೆ ಎಸೆಯುವುದು, ಅವನ ಲೆಗ್ ಬದಿಯಲ್ಲಿ ಐದಾರು ಮಂದಿಯನ್ನು ಹತ್ತಿರದಲ್ಲೇ ನಿಲ್ಲಿಸುವುದು. ದಾಂಡು ಒಡ್ಡಿದರೆ ಕ್ಯಾಚ್, ಒಡ್ಡದಿದ್ದರೆ ಪಕ್ಕೆಲುಬಿಗೆ ಪೆಟ್ಟು. ಆ ಕಾಲದಲ್ಲಿ ಶಿರಸ್ತ್ರಾಣ ಇರಲಿಲ್ಲ. ಪತ್ರಿಕೆಗಳು ಇದಕ್ಕೆ ಬಾಡಿಲೈನ್ ಎಂದು ಹೆಸರಿಟ್ಟವು. ಈ ಉಪಾಯ ನಡೆಯಬೇಕಿದ್ದರೆ ಅತಿವೇಗವೂ ಗುರಿಯೂ ಒಟ್ಟಿಗೆ ಇರುವ ಒಬ್ಬ ಬೌಲರ್ ಬೇಕು. ಅಂಥವನು ಲಾರ್‌ವುಡ್.

1933ರ ಜನವರಿಯಲ್ಲಿ ಅಡಿಲೇಡ್ ಟೆಸ್ಟ್. ಐವತ್ತು ಸಾವಿರಕ್ಕೂ ಮಿಕ್ಕ ಜನರ ಕಣ್ಣೆದುರಿನಲ್ಲಿ ಲಾರ್‌ವುಡ್‌ನ ಚೆಂಡು ಆಸ್ಟ್ರೇಲಿಯದ ನಾಯಕ ವುಡ್‌ಫುಲ್‌ನ ಎದೆಗೆ ಬಡಿಯಿತು. ಆತ ದಾಂಡು ಬಿಟ್ಟು ಎದೆ ಹಿಡಿದುಕೊಂಡು ಬಾಗಿದ. ನ್ಯಾಯವಾಗಿ ಹೇಳಬೇಕೆಂದರೆ ಆ ಎಸೆತದ ಹೊತ್ತಿಗೆ ಕ್ಷೇತ್ರರಕ್ಷಣೆ ಮಾಮೂಲಿನಂತೆಯೇ ಇತ್ತು. ಆದರೆ ಲಾರ್‌ವುಡ್‌ನ ಮುಂದಿನ ಓವರಿಗೆ ಜಾರ್ಡಿನ್ ಎಲ್ಲರನ್ನೂ ಲೆಗ್ ಬದಿಗೆ ಕರೆದ. ಪೆಟ್ಟು ತಿಂದು ನಿಂತವನ ಮೇಲೆ ಬಾಡಿಲೈನ್ ಆರಂಭವಾಯಿತು. ಜನ ರೊಚ್ಚಿಗೆದ್ದರು. ಎರಡು ದಿನಗಳ ಬಳಿಕ ವಿಕೆಟ್ ಕೀಪರ್ ಬರ್ಟ್ ಓಲ್ಡ್‌ಫೀಲ್ಡ್‌ನ ತಲೆಗೆ ಚೆಂಡು ತಗಲಿ ಬುರುಡೆ ಬಿರುಕುಬಿಟ್ಟಿತು. ಎಸೆದವನು ಮತ್ತೆ ಲಾರ್‌ವುಡ್. ಆಗಲೂ ಲೆಗ್ ಬದಿಯ ವ್ಯೂಹವಿರಲಿಲ್ಲ, ತಪ್ಪು ತನ್ನದೇ ಎಂದು ಓಲ್ಡ್‌ಫೀಲ್ಡ್ ಹೇಳಿದ. ಆದರೆ ಕೆರಳಿದ ಜನಕ್ಕೆ ಅದೆಲ್ಲ ಬೇಕಿರಲಿಲ್ಲ. ಆಸ್ಟ್ರೇಲಿಯದ ಮಂಡಳಿ ಇದು ಕ್ರೀಡಾಧರ್ಮವಲ್ಲವೆಂದು ಲಂಡನ್ನಿನ ಎಂ.ಸಿ.ಸಿ.ಗೆ ತಂತಿ ಕಳಿಸಿತು. ಎಂ.ಸಿ.ಸಿ. ಆ ಮಾತನ್ನು ಒಪ್ಪದೆ ತನ್ನ ನಾಯಕನ ಬೆಂಬಲಕ್ಕೆ ನಿಂತಿತು. ಸರಣಿಯನ್ನು ಇಂಗ್ಲೆಂಡ್ 4-1ರಿಂದ ಗೆದ್ದಿತು. ಲಾರ್‌ವುಡ್‌ಗೆ 33 ವಿಕೆಟ್. ಬ್ರಾಡ್‌ಮನ್‌ನ ಸರಾಸರಿ 56ಕ್ಕೆ ಇಳಿಯಿತು.

ಇಲ್ಲಿಯವರೆಗೆ ನೋಡಿದರೆ ಲಾರ್‌ವುಡ್ ಒಂದು ಅಂಬು, ಎಯ್ದವನು ಜಾರ್ಡಿನ್. ಗಾದೆ ಸರಿಯಾಗಿಯೇ ಹೊಂದುತ್ತದೆ. ಆದರೆ ಅದೇ ತಂಡದಲ್ಲಿ ಇನ್ನಿಬ್ಬರಿದ್ದರು. ಗಬ್ಬಿ ಅಲೆನ್ ಎಂಬ ವೇಗದ ಬೌಲರ್ ತಾನು ಹೀಗೆ ಎಸೆಯಲಾರೆನೆಂದು ನಾಯಕನಿಗೆ ಹೇಳಿಬಿಟ್ಟ. ತನ್ನ ರೀತಿಯಲ್ಲೇ ಎಸೆದು 21 ವಿಕೆಟ್ ಪಡೆದ. ನಮ್ಮ ದೇಶದ ಪಟೌಡಿಯ ನವಾಬ ಇಫ್ತಿಕಾರ್ ಅಲಿ ಖಾನ್ ಆ ಸರಣಿಯ ಮೊದಲ ಟೆಸ್ಟಿನಲ್ಲಿ ಶತಕ ಹೊಡೆದವರು. ಅವರು ಲೆಗ್ ಬದಿಯ ವ್ಯೂಹದಲ್ಲಿ ನಿಲ್ಲಲು ಒಪ್ಪಲಿಲ್ಲ. ಎರಡನೆಯ ಟೆಸ್ಟ್ ಮುಗಿದ ಮೇಲೆ ಆ ಸರಣಿಯಲ್ಲಿ ಮತ್ತೆ ಆಡಲಿಲ್ಲ. ಇದೇ ಪಟೌಡಿ 1946ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದ ನಾಯಕರಾದರು.

ಹಾಗಾದರೆ ಲಾರ್‌ವುಡ್‌ಗೂ ಆಗದು ಎನ್ನಬಹುದಿತ್ತಲ್ಲ? ಅಷ್ಟು ಸುಲಭವಾಗಿ ತೀರ್ಪು ಕೊಡುವ ಮೊದಲು ಒಂದು ವಿಷಯ ನೆನಪಿಡಬೇಕು. ಅಲೆನ್ ಮತ್ತು ಪಟೌಡಿ ಹವ್ಯಾಸಿಗಳು, ಕ್ರಿಕೆಟ್ ಅವರ ಅನ್ನವಾಗಿರಲಿಲ್ಲ. ಲಾರ್‌ವುಡ್ ಸಂಬಳದ ಆಟಗಾರ. ಆ ಕಾಲದ ಇಂಗ್ಲೆಂಡಿನಲ್ಲಿ ಹವ್ಯಾಸಿಗಳಿಗೂ ಸಂಬಳದವರಿಗೂ ಉಡುಪು ಬದಲಿಸುವ ಕೋಣೆಗಳೇ ಬೇರೆ. ಅನೇಕ ಕಡೆ ಮೈದಾನಕ್ಕೆ ಇಳಿಯುವ ಬಾಗಿಲೂ ಬೇರೆ. ಈ ಭೇದ ಅಳಿದದ್ದು 1963ರಲ್ಲಿ. ನಾಯಕನಿಗೆ ಇಲ್ಲವೆಂದರೆ ಅಲೆನ್‌ಗೆ ಮುಖಭಂಗವಾದೀತು, ಅಷ್ಟೇ. ಲಾರ್‌ವುಡ್‌ಗೆ ಮತ್ತೆ ಗಣಿಯ ದಾರಿ ಕಾಣುತ್ತಿತ್ತು.

ತಾಳಮದ್ದಳೆಯಲ್ಲಿ ಭೀಷ್ಮನ ಅರ್ಥ ಕೇಳಿದವರಿಗೆ ಈ ತೊಡಕು ಹೊಸದಲ್ಲ. ಯುದ್ಧಕ್ಕೆ ಮೊದಲು ಆಶೀರ್ವಾದ ಬೇಡಲು ಬಂದ ಧರ್ಮರಾಯನೊಡನೆ ಭೀಷ್ಮ, ಮನುಷ್ಯನು ಅರ್ಥಕ್ಕೆ ದಾಸ, ನಾನು ಕೌರವರಿಗೆ ಕಟ್ಟುಬಿದ್ದವನು ಎನ್ನುತ್ತಾನೆ. ಅಷ್ಟು ದೊಡ್ಡವನ ಬಾಯಿಂದ ಆ ಮಾತು ಬರುವಾಗ ಸಭೆ ಸ್ತಬ್ಧವಾಗುತ್ತದೆ. ಅನ್ನದ ಋಣವೆಂದರೆ ಏನೆಂದು ಸಂಬಳಕ್ಕೆ ದುಡಿಯುವ ನನ್ನಂಥವರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಲಾರ್‌ವುಡ್ ಬಗ್ಗೆ ಬರೆಯುತ್ತಿರಲಿಲ್ಲ. 1933ರ ಬೇಸಿಗೆಯಲ್ಲಿ ವೆಸ್ಟ್ ಇಂಡೀಸಿನ ಕಾನ್‌ಸ್ಟಂಟೈನ್ ಮತ್ತು ಮಾರ್ಟಿಂಡೇಲ್ ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡಿನವರ ಮೇಲೆಯೇ ಬಾಡಿಲೈನ್ ಎಸೆದರು. ಅದುವರೆಗೆ ತಂತಿಯಲ್ಲಿ ಓದಿದ್ದನ್ನು ಇಂಗ್ಲಿಷರು ಕಣ್ಣಾರೆ ಕಂಡರು. ಅಭಿಪ್ರಾಯ ಬದಲಾಗತೊಡಗಿತು. 1934ರಲ್ಲಿ ಆಸ್ಟ್ರೇಲಿಯದವರು ಬರುವವರಿದ್ದರು, ಸಂಬಂಧ ಸರಿಪಡಿಸಬೇಕಿತ್ತು. ಲಾರ್‌ವುಡ್ ತನ್ನ ಬೌಲಿಂಗಿಗಾಗಿ ಎಂ.ಸಿ.ಸಿ.ಯ ಕ್ಷಮೆ ಕೇಳಬೇಕೆಂಬ ಸೂಚನೆ ನಾಟಿಂಗ್‌ಹ್ಯಾಮ್‌ಶೈರ್ ಕ್ಲಬ್ಬಿನ ಪೋಷಕ ಸರ್ ಜೂಲಿಯನ್ ಕಾನ್ ಮೂಲಕ ಅವನಿಗೆ ಬಂತು. ಕ್ಷಮೆ ಕೇಳಿದರೆ ಇಂಗ್ಲೆಂಡ್ ತಂಡದ ಬಾಗಿಲು ತೆರೆದಿತ್ತು.

ಅವನು ಕೇಳಲಿಲ್ಲ. ನಾಯಕ ಹೇಳಿದಂತೆ ಎಸೆದಿದ್ದೇನೆ, ಅದಕ್ಕೆ ನಾಚಿಕೆಪಡಬೇಕಾದ್ದಿಲ್ಲ ಎಂಬುದು ಅವನ ನಿಲುವು. ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. 1933ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಆಡಿದ್ದೇ ಅವನ ಕೊನೆಯ ಟೆಸ್ಟ್ ಆಗಿ ಉಳಿಯಿತು. ಆ ಟೆಸ್ಟಿನಲ್ಲಿ ಅವನು ದಾಂಡು ಹಿಡಿದು 98 ರನ್ ಹೊಡೆದಾಗ, ಅವನನ್ನು ದೂಷಿಸುತ್ತಿದ್ದ ಜನರೇ ಎದ್ದು ಚಪ್ಪಾಳೆ ತಟ್ಟಿದ್ದರು. ಅದೇ ಟೆಸ್ಟಿನಲ್ಲಿ ಎಸೆಯುತ್ತ ಅವನ ಪಾದದ ಎಲುಬು ಮುರಿದಿತ್ತು.

ಈ ಘಟನೆ ನನ್ನನ್ನು ಕಾಡುವುದಕ್ಕೆ ನನ್ನದೇ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹಣ ಹಿಂತೆಗೆಯುವ ಒಂದು ಸ್ಲಿಪ್ಪು ನನ್ನ ಮೇಜಿಗೆ ಬಂತು. ರುಜು ಮಾದರಿ ರುಜುವಿಗೆ ಹೊಂದುತ್ತಿರಲಿಲ್ಲ. ಎದ್ದು ಹೋಗಿ ಮೇಲಧಿಕಾರಿಗೆ ತೋರಿಸಿದೆ. ಗುರುತಿನ ಜನ, ಕೊಟ್ಟುಬಿಡಿ ಎಂದರು. ನಾನು ನನ್ನ ಚಿಕ್ಕ ರುಜು ಹಾಕಿದೆ. ಹಣ ಕೊಂಡುಹೋದದ್ದು ಖಾತೆಯ ಮುದುಕಿಯ ಸಂಬಂಧಿಕನಾಗಿದ್ದ, ಮುದುಕಿಗೆ ಅದು ಗೊತ್ತೇ ಇರಲಿಲ್ಲ. ತನಿಖೆಯಾಯಿತು. ಮೇಲಧಿಕಾರಿಯ ಬಾಯಿಮಾತಿನ ಆದೇಶದಂತೆ ನಡೆದುಕೊಂಡೆನೆಂದೂ ಆದ ಲೋಪಕ್ಕೆ ವಿಷಾದಿಸುತ್ತೇನೆಂದೂ ಬರೆದುಕೊಟ್ಟೆ. ನನಗೆ ಒಂದು ಎಚ್ಚರಿಕೆ ಪತ್ರ ಬಂತು, ಅವರಿಗೆ ವರ್ಗವಾಯಿತು. ಮುದುಕಿಗೆ ಹಣವೂ ಸಿಕ್ಕಿತು. ಆದರೆ ಅದನ್ನು ಪಡೆಯಲು ಬಂದ ದಿನ ಆಕೆ ನನ್ನ ಮೇಜಿನ ಮುಂದೆ ನಿಂತು, "ರುಜು ನೋಡಿದ್ದು ನೀನೇ ಅಲ್ವಾ ಮಗಾ?" ಎಂದು ಕೇಳಿದಳು. ಸಿಟ್ಟೇನೂ ಇರಲಿಲ್ಲ, ತಿಳಿದುಕೊಳ್ಳಲು ಕೇಳಿದಂತಿತ್ತು. ನನಗೆ ಉತ್ತರ ಹೊರಡಲಿಲ್ಲ. ನಾನು ಬರೆದುಕೊಟ್ಟ ಪತ್ರದಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ರುಜು ಹೊಂದುವುದಿಲ್ಲವೆಂದು ಕಂಡ ಕಣ್ಣು ನನ್ನದೆಂಬ ಮಾತೂ ಅದರಲ್ಲಿರಲಿಲ್ಲ.

ಲಾರ್‌ವುಡ್ ಕೂಡ ನಾಯಕ ಹೇಳಿದನೆಂದೇ ಹೇಳಿದವನಲ್ಲವೇ, ನನಗೂ ಅವನಿಗೂ ಏನು ವ್ಯತ್ಯಾಸ ಎಂದು ಬಹಳ ಸಲ ಯೋಚಿಸಿದ್ದೇನೆ. ನಾನು ಆ ಮಾತಿನ ಹಿಂದೆ ಅಡಗಿ ಕೆಲಸ ಉಳಿಸಿಕೊಂಡೆ. ಅವನು ಅದೇ ಮಾತನ್ನು ಮುಂದಿಟ್ಟುಕೊಂಡು ತನ್ನ ಟೆಸ್ಟ್ ಬದುಕನ್ನೇ ಕಳೆದುಕೊಂಡ. ಜಾರ್ಡಿನ್ ತನ್ನನ್ನು ಕೆಡಿಸಿದನೆಂದು ಅವನು ಒಂದು ಮಾತು ಹೇಳಿದ್ದರೆ ಎಷ್ಟೋ ಮಂದಿ ಅವನ ಪರ ನಿಲ್ಲುತ್ತಿದ್ದರು. ಬಡ ಗಣಿಕೆಲಸಗಾರ, ಪಾಪ, ಏನು ಮಾಡಿಯಾನು ಎನ್ನುತ್ತಿದ್ದರು. ಆ ಕರುಣೆ ಅವನಿಗೆ ಬೇಡವಾಯಿತು. ಕೊನೆಯವರೆಗೂ ಅವನು ಜಾರ್ಡಿನ್‌ನನ್ನು ಬಿಟ್ಟುಕೊಡಲಿಲ್ಲ. ಜಾರ್ಡಿನ್ ಕೃತಜ್ಞತೆಯ ಮಾತು ಕೆತ್ತಿಸಿ ಕೊಟ್ಟಿದ್ದ ಒಂದು ಬೆಳ್ಳಿಯ ಬೂದಿಬಟ್ಟಲನ್ನು ಜೋಪಾನವಾಗಿಟ್ಟುಕೊಂಡಿದ್ದ. ಎಸೆದ ಕೈ ತನ್ನದೆಂದು ಒಪ್ಪಿಕೊಂಡ ಮೇಲೆ ಅವನನ್ನು ಅಂಬು ಎನ್ನುವಂತಿಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಸಣ್ಣದಲ್ಲ. ಕ್ಷಮೆ ಕೇಳುವ ವಿಷಯದಲ್ಲಿ ಇಲ್ಲವೆನ್ನಬಲ್ಲವನು ಚೆಂಡೆಸೆಯುವ ವಿಷಯದಲ್ಲೂ ಇಲ್ಲವೆನ್ನಬಹುದಿತ್ತು. ಅನ್ನ ಹೋದರೂ ಸರಿಯೆಂಬ ಧೈರ್ಯ 1934ರಲ್ಲಿ ಇತ್ತೆಂದರೆ 1933ರಲ್ಲಿ ಎಲ್ಲಿಗೆ ಹೋಗಿತ್ತು? ನಾನು ಈ ಆಕ್ಷೇಪವನ್ನು ಒಪ್ಪುತ್ತೇನೆ. ಅವನಿಗೆ ಆ ಬೌಲಿಂಗ್ ತಪ್ಪೆಂದು ತೋರಲೇ ಇಲ್ಲ, ಅದರಲ್ಲಿ ಹೆಮ್ಮೆಯೂ ಇತ್ತು. ದಾಂಡಿಗರನ್ನು ಹೆದರಿಸುವಂಥ ತಂತ್ರವನ್ನು ಅಷ್ಟು ಚೆನ್ನಾಗಿ ನಡೆಸಿಕೊಟ್ಟವನು ನಿರ್ದೋಷಿಯೆಂದು ನಾನು ಹೇಳಲಾರೆ. ಮುಂದೆ ಕ್ರಿಕೆಟ್ಟಿನ ನಿಯಮಗಳೇ ಬದಲಾಗಿ, ಲೆಗ್ ಬದಿಯಲ್ಲಿ ದಾಂಡಿಗನ ಹಿಂದೆ ಇಬ್ಬರಿಗಿಂತ ಹೆಚ್ಚು ಮಂದಿ ನಿಲ್ಲಬಾರದೆಂದಾಯಿತು. ಅದು ಸರಿಯಾಗಿಯೇ ಇದೆ.

ಆದರೆ ಅವನಿಂದ ಕೇಳಿದ್ದು ಎಂಥ ಕ್ಷಮೆ ಎಂಬುದನ್ನೂ ನೋಡಬೇಕು. ಪೆಟ್ಟು ತಿಂದವನು ವುಡ್‌ಫುಲ್. ಕ್ಷಮೆ ಕೇಳಬೇಕಾದ್ದು ಎಂ.ಸಿ.ಸಿ.ಯ ಮುಂದೆ. ಅದೇ ಎಂ.ಸಿ.ಸಿ. ಜಾರ್ಡಿನ್‌ನನ್ನು ನಾಯಕನನ್ನಾಗಿ ಕಳಿಸಿತ್ತು, ತಂತಿ ಬಂದಾಗ ಸಮರ್ಥಿಸಿತ್ತು. 1933-34ರಲ್ಲಿ ಭಾರತಕ್ಕೆ ಬಂದ ತಂಡಕ್ಕೂ ಅವನನ್ನೇ ನಾಯಕನನ್ನಾಗಿ ಮಾಡಿತ್ತು. ಎಯ್ದವನೂ ಬಿಲ್ಲು ಕೊಟ್ಟವನೂ ದೂರ ನಿಂತು ಅಂಬಿನಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳುವ ವ್ಯವಹಾರ ಅದು. ನೊಂದವನ ಮುಂದೆ ತಲೆಬಾಗುವುದು ಮನುಷ್ಯತ್ವ. ಯಜಮಾನನ ಲೆಕ್ಕ ಸರಿದೂಗಿಸಲು ಬಗ್ಗುವುದಕ್ಕೆ ಆ ಹೆಸರು ಸಲ್ಲದು. ನಾನು ಬರೆದುಕೊಟ್ಟದ್ದು ಎರಡನೆಯ ಬಗೆಯ ಪತ್ರ. ಮುದುಕಿಯ ಮುಂದೆ ಆಡಬೇಕಾದ ಮಾತು ಇನ್ನೊಂದಿತ್ತು.

1938ರಲ್ಲಿ ಲಾರ್‌ವುಡ್ ಆಟ ಬಿಟ್ಟ. ಯುದ್ಧದ ಬಳಿಕ ಬ್ಲ್ಯಾಕ್‌ಪೂಲ್ ಎಂಬ ಊರಿನಲ್ಲಿ ಮಿಠಾಯಿ ಅಂಗಡಿ ಇಟ್ಟುಕೊಂಡು ಬದುಕಿದ. ಅವನನ್ನು ಅಲ್ಲಿಂದ ಎಬ್ಬಿಸಿದವನು ಜಾಕ್ ಫಿಂಗಲ್‌ಟನ್. ಈತ ಬಾಡಿಲೈನ್ ಸರಣಿಯಲ್ಲಿ ಅವನ ಚೆಂಡುಗಳನ್ನು ಎದುರಿಸಿದ ಆಸ್ಟ್ರೇಲಿಯದ ದಾಂಡಿಗ, ಆಮೇಲೆ ಪತ್ರಕರ್ತ. ಫಿಂಗಲ್‌ಟನ್‌ನ ಒತ್ತಾಸೆಯಿಂದ 1950ರಲ್ಲಿ ಲಾರ್‌ವುಡ್ ಹೆಂಡತಿ ಮತ್ತು ಐವರು ಹೆಣ್ಣುಮಕ್ಕಳೊಡನೆ ಆಸ್ಟ್ರೇಲಿಯಕ್ಕೆ ಹೊರಟ. ಹೋದದ್ದು ಓರಂಟಿಸ್ ಎಂಬ ಹಡಗಿನಲ್ಲಿ. 1932ರಲ್ಲಿ ಜಾರ್ಡಿನ್‌ನ ತಂಡವನ್ನು ಹೊತ್ತೊಯ್ದದ್ದೂ ಅದೇ ಹಡಗು. ಆಸ್ಟ್ರೇಲಿಯದ ಮಾಜಿ ಪ್ರಧಾನಿ ಬೆನ್ ಚಿಫ್ಲಿ ಅವನ ಕುಟುಂಬ ನೆಲೆಯೂರಲು ನೆರವಾದರು. ಲಾರ್‌ವುಡ್ ಸಿಡ್ನಿಯಲ್ಲಿ ಒಂದು ಪಾನೀಯ ಕಂಪೆನಿಯಲ್ಲಿ ದುಡಿದ. ತಲೆಗೆ ಪೆಟ್ಟು ತಿಂದ ಓಲ್ಡ್‌ಫೀಲ್ಡ್ ಅವನ ಗೆಳೆಯನಾದ. ಅವನ ಸ್ವಂತ ದೇಶ ಎಂ.ಬಿ.ಇ. ಎಂಬ ಬಿರುದು ಕೊಟ್ಟದ್ದು 1993ರಲ್ಲಿ, ಆಗ ಅವನಿಗೆ ಎಂಬತ್ತೆಂಟು ವರ್ಷ. 1995ರ ಜುಲೈ 22ರಂದು ಸಿಡ್ನಿಯಲ್ಲಿ ತೀರಿಕೊಂಡ.

ಪೆಟ್ಟು ತಿಂದವರೇ ಅವನನ್ನು ತಮ್ಮ ನೆಲಕ್ಕೆ ಕರೆದುಕೊಂಡರೆಂಬುದು ಯೋಚಿಸತಕ್ಕ ವಿಷಯ. ಎಂ.ಸಿ.ಸಿ. ಬಯಸಿದ ಆ ತಪ್ಪೊಪ್ಪಿಗೆಯನ್ನು ಆಸ್ಟ್ರೇಲಿಯದವರು ಬಯಸಿದಂತೆ ಕಾಣುವುದಿಲ್ಲ. ಎದುರಿಗೆ ನಿಂತು ಎಸೆದವನು, ಎಸೆದೆನೆಂದು ಹೇಳಿದವನು, ಅಷ್ಟು ಅವರಿಗೆ ಸಾಕಾಯಿತು.

ನಮ್ಮ ಮಕ್ಕಳು ದೊಡ್ಡವರಾಗಿ ಯಾವುದಾದರೊಂದು ಮೇಜಿನ ಹಿಂದೆ ಕೂರುತ್ತಾರೆ. ಮೇಲಿನಿಂದ ಮಾತು ಬಂದೇ ಬರುತ್ತದೆ, ಎಲ್ಲ ಸಲವೂ ಇಲ್ಲವೆನ್ನಲು ಎಲ್ಲರಿಗೂ ಆಗುವುದಿಲ್ಲ. ಅದನ್ನು ನಾನು ಬಲ್ಲೆ. ಕೈ ಮಾತ್ರ ತಮ್ಮದೆಂಬುದನ್ನು ಅವರು ಮರೆಯದಿರಲಿ. ಆ ಮುದುಕಿ ಈಗಿಲ್ಲ. ಹೌದಮ್ಮಾ, ನೋಡಿದ್ದು ನಾನೇ ಎಂದು ಹೇಳಲು ನನಗೆ ಒಂದು ನಿಮಿಷ ಸಾಕಾಗುತ್ತಿತ್ತು.