ಸಂಸ್ಥೆಗೆ ಧರ್ಮವುಂಟೆ?

ಮನುಷ್ಯನಿಗೆ ಧರ್ಮವುಂಟೆಂಬುದರಲ್ಲಿ ವಿವಾದವಿಲ್ಲ. ಆದರೆ ಸಾವಿರಾರು ಮಂದಿ ಕೂಡಿ ನಡೆಯಿಸುವ ಸಂಸ್ಥೆಗೂ ತನ್ನದೇ ಆದ ಧರ್ಮವೊಂದು ಉಂಟೋ, ಉಂಟಾದರೆ ಅದನ್ನು ಪಾಲಿಸತಕ್ಕವರು ಯಾರು ಎಂಬುದು ಸುಲಭವಾಗಿ ತೀರತಕ್ಕ ಪ್ರಶ್ನೆಯಲ್ಲ. ಸಂಸ್ಥೆಗೆ ಅಂತಃಕರಣವಿಲ್ಲ, ಅದು ಹಸಿಯದು, ನಾಚದು, ಪಶ್ಚಾತ್ತಾಪಪಡದು. ಅದಕ್ಕೆ ಕರ್ತವ್ಯವನ್ನು ಬೋಧಿಸುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುವವರಿದ್ದಾರೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನು.

ಈ ವಿಚಾರವು ನನ್ನ ಮನಸ್ಸಿಗೆ ಹತ್ತಿದುದು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆಯು ಮೈಸೂರು ವಿಶ್ವವಿದ್ಯಾನಿಲಯದ ವಶದಲ್ಲಿರುವುದು ವಾಚಕರಿಗೆ ತಿಳಿದೇ ಇದೆ. 1916ರಲ್ಲಿ ಹುಟ್ಟಿದ ಆ ವಿದ್ಯಾಸಂಸ್ಥೆಯು 1960ರಲ್ಲಿ ಈ ಕೆರೆಯ ನೆರೆಯಲ್ಲಿ ಹೊಸ ಆವರಣವನ್ನು ತೆರೆದಾಗ ಕುವೆಂಪು ಅವರು ಅದಕ್ಕೆ ಮಾನಸಗಂಗೋತ್ರಿ ಎಂದು ನಾಮಕರಣ ಮಾಡಿದರು. ಗಂಗೆ ಹುಟ್ಟುವ ತಾಣದ ಹೆಸರು! ಅದರ ಮಗ್ಗುಲಿನ ನೀರಿಗೆ ಸುತ್ತಣ ಬಡಾವಣೆಗಳ ಚರಂಡಿ ಸೇರುತ್ತದೆಂಬ ದೂರು ಅನೇಕ ದಶಕಗಳದು. ಅದನ್ನು ತಡೆಯಲು ಪ್ರಯತ್ನಗಳು ನಡೆಯಲಿಲ್ಲವೆಂದರೆ ಅಪಚಾರವಾದೀತು. ಊರ ಸಜ್ಜನರೂ, ಪಕ್ಷಿಪ್ರಿಯರೂ, ವಿಶ್ವವಿದ್ಯಾನಿಲಯದವರೂ ಶ್ರಮಿಸಿದುದುಂಟು. ಹೆಜ್ಜಾರ್ಲೆಗಳೂ ನೀರುಕಾಗೆಗಳೂ ಅಲ್ಲಿನ ಮರಗಳನ್ನು ಬಿಟ್ಟುಹೋಗಿಲ್ಲ. ಆದರೂ ಬೇನೆ ಒಮ್ಮೆ ಇಳಿದರೆ ಮತ್ತೊಮ್ಮೆ ಏರುವುದೇತಕ್ಕೆ? ಶ್ರಮಿಸಿದವರು ವ್ಯಕ್ತಿಗಳು. ಕುಲಪತಿಗಳು ನಾಲ್ಕು ವರ್ಷಕ್ಕೆ ಬದಲಾಗುತ್ತಾರೆ, ವಿದ್ಯಾರ್ಥಿಗಳು ಎರಡು ವರ್ಷಕ್ಕೆ ಹೊರಟುಹೋಗುತ್ತಾರೆ. ಉಳಿಯುವುದು ಸಂಸ್ಥೆಯೊಂದೇ; ವ್ರತ ತೊಡದೆ ಇರುವುದೂ ಅದೊಂದೇ.

ನಮ್ಮ ಪ್ರಾಚೀನರು ಈ ತೊಡಕನ್ನು ಕಾಣದೆ ಇರಲಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ‘ಸಂವಿದ್‌ವ್ಯತಿಕ್ರಮ’ವೆಂಬುದೊಂದು. ಗ್ರಾಮದೊಡನೆಯೋ ಸಂಘದೊಡನೆಯೋ ಸತ್ಯಪೂರ್ವಕವಾಗಿ ಒಡಂಬಟ್ಟು, ಲೋಭದಿಂದ ಅದನ್ನು ಮುರಿದವನನ್ನು ರಾಜ್ಯದಿಂದಲೇ ಹೊರಡಿಸಬೇಕೆಂದು ಅಲ್ಲಿ ವಿಧಿ. ಎಂದರೆ, ಸಂಘಕ್ಕೆ ಅಂತಃಕರಣವಿಲ್ಲದಿದ್ದರೂ ಒಡಂಬಡಿಕೆಯುಂಟು. ಅಂತಃಕರಣವು ಒಬ್ಬೊಬ್ಬನಲ್ಲಿ ಮಾಡುವ ಕಾರ್ಯವನ್ನು ಸಂಘದಲ್ಲಿ ಸಂವಿತ್ತು ಮಾಡುತ್ತದೆಯೆಂದು ನಾನು ತಿಳಿಯುತ್ತೇನೆ. ಅದೇ ಪಟ್ಟಿಯಲ್ಲಿ ‘ನಿಕ್ಷೇಪ’ವೂ ಉಂಟು. ನಂಬಿ ಇಟ್ಟ ಒಡವೆಯನ್ನು ಸ್ವೇಚ್ಛೆಯಿಂದ ಬಳಸಿಕೊಂಡವನು ದಂಡವನ್ನು ತೆತ್ತು, ಒಡವೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕೆಂದು ಯಾಜ್ಞವಲ್ಕ್ಯರ ಮತ. ಏಳುನೂರು ಎಕರೆಗೂ ಮಿಕ್ಕ ನೆಲ, ಅದರ ಮರ, ಅದರಡಿಯ ಅಂತರ್ಜಲ ಇವೆಲ್ಲ ಮುಂದಿನವರ ನಿಕ್ಷೇಪವಲ್ಲದೆ ಮತ್ತೇನು?

ಇಲ್ಲಿ ಒಂದು ಮಾತು. ವಿಶ್ವವಿದ್ಯಾನಿಲಯದ ಲಾಂಛನದಲ್ಲಿ, ಜ್ಞಾನಕ್ಕೆ ಸಮನಾದುದಿಲ್ಲವೆಂಬ ಗೀತಾವಾಕ್ಯದ ಮೊದಲ ತುಣುಕಷ್ಟೇ ಕೊರೆಯಲ್ಪಟ್ಟಿದೆ. ಪೂರ್ಣವಾಕ್ಯದಲ್ಲಿ ಭಗವಂತನು ಹೇಳುವುದು, ಶುದ್ಧಿಮಾಡತಕ್ಕ ವಸ್ತುಗಳಲ್ಲಿ ಜ್ಞಾನಕ್ಕೆ ಸಮನಾದುದಿಲ್ಲವೆಂದು. ಶುದ್ಧಿಯ ಮಾತು ಲಾಂಛನದ ಹೊರಗೆ ಉಳಿದುಬಿಟ್ಟಿತು. ಸ್ಥಳಸಂಕೋಚವೇ ಕಾರಣವಿರಬಹುದು, ಪಾಠಶಾಲೆಯಲ್ಲಿ ಓದಿದ ಮುದುಕನ ಕಣ್ಣಿಗೆ ಇಂಥವು ಬೀಳುತ್ತವೆ.

ಪರರಿಗೆ ಬೋಧಿಸುವ ಮೊದಲು ನನ್ನ ಕಥೆಯನ್ನೂ ಹೇಳಿಬಿಡುವುದು ಲೇಸು. ನಾನು ಉಪಾಧ್ಯಾಯನಾಗಿದ್ದ ಒಂದು ಶಾಲೆಯಲ್ಲಿ ಜಲಸಂರಕ್ಷಣೆಯ ಪಾಠವನ್ನು ಬಲು ಉತ್ಸಾಹದಿಂದ ಮಾಡುತ್ತಿದ್ದೆನು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಮೇಷ್ಟ್ರೇ, ಹಿತ್ತಲ ನಲ್ಲಿ ದಸರಾ ರಜದಿಂದ ಸುರೀತಾನೇ ಅದೆ” ಎಂದನು. ತರಗತಿ ನಕ್ಕಿತು. ಯಾಸ್ಕರು ಆಚಾರ್ಯ ಶಬ್ದವನ್ನು ನಿರ್ವಚಿಸುವಾಗ, ಆಚಾರವನ್ನು ಹಿಡಿಸತಕ್ಕವನೆಂಬ ಅರ್ಥವನ್ನು ಮೊದಲಿಟ್ಟರು, ಬುದ್ಧಿಯ ಮಾತನ್ನು ಕಡೆಗಿಟ್ಟರು. ನಲ್ಲಿಯನ್ನು ಮರುದಿನ ಸರಿಮಾಡಿಸಿದೆನು. ಆದರೆ ಆ ಪಾಠವನ್ನು ಆ ವರ್ಷ ಮತ್ತೆ ತೆಗೆಯಲು ನನಗೆ ಬಾಯಿ ಬರಲಿಲ್ಲ.

ನಮ್ಮ ವೀರನಹೊಸಹಳ್ಳಿಯು ನಾಗರಹೊಳೆ ಕಾಡಿನ ಬಾಗಿಲು. ಸಂಜೆ ಆರಕ್ಕೆ ಗೇಟು ಮುಚ್ಚಿದರೆ ಮುಂದಣ ರಸ್ತೆ ಪ್ರಾಣಿಗಳದು. ಈ ಕಾಡು ಉಳಿಯಲೆಂದು ಜೇನುಕುರುಬರ ಕುಟುಂಬಗಳು ತಲತಲಾಂತರದ ಹಾಡಿಗಳನ್ನು ಬಿಟ್ಟುಬಂದು ನಾಗಾಪುರದಲ್ಲಿ ನೆಲೆಗೊಳ್ಳಬೇಕಾಯಿತು. ಅತ್ತ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ರೈತನಿಗೆ, ಬ್ಯಾರನ್ನಿಗೆ ಸೌದೆ ಸುಡುವುದನ್ನು ಕಡಿಮೆಮಾಡು, ಮರ ನೆಡು ಎಂಬ ಉಪದೇಶ. ಒಣಗಿದ ಸೊಪ್ಪಿನ ತೂಕಕ್ಕಿಂತ ಹಲವು ಪಾಲು ಸೌದೆ ಉರಿಯುವುದು ನಿಜವಾದುದರಿಂದ ಉಪದೇಶ ತಪ್ಪಲ್ಲ. ನನ್ನ ತಮ್ಮನದೂ ಒಂದು ಬ್ಯಾರನ್ನಿದೆ. ಆ ಸೊಪ್ಪಿನ ದುಡ್ಡಿನಿಂದಲೇ ಅವನ ಮಗಳು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಳೆ. ನನಗೆ ದುಸ್ಸಹವಾಗಿ ತೋರುವುದು ಇದು: ಕಾಡಿನ ಹಿತಕ್ಕೆಂದು ಅಕ್ಷರವಿಲ್ಲದವನ ಮನೆಯನ್ನು ಕೇಳಿದೆವು, ಅಲ್ಪಾಕ್ಷರನ ಒಲೆಯನ್ನು ಕೇಳಿದೆವು, ವಿದ್ಯಾಪೀಠದಿಂದ ಮಾತ್ರ ಪಾಠವನ್ನಲ್ಲದೆ ಏನನ್ನೂ ಕೇಳಲಿಲ್ಲ.

ಇಂಥ ವ್ರತವು ಲೋಕದಲ್ಲಿ ಅಪೂರ್ವವಲ್ಲ. 1990ರಲ್ಲಿ ಫ್ರಾನ್ಸಿನ ತಾಲ್ವಾರ್ ಎಂಬ ಊರಿನಲ್ಲಿ ನೆರೆದ 22 ಮಂದಿ ವಿಶ್ವವಿದ್ಯಾನಿಲಯಾಧಿಪತಿಗಳು ತಮ್ಮ ಸಂಸ್ಥೆಗಳನ್ನು ಪ್ರಕೃತಿಗೆ ಅವಿರೋಧವಾಗಿ ನಡೆಯಿಸುವೆವೆಂದು ರುಜುಹಾಕಿದರು. ಬಳಿಕ ನೂರಾರು ವಿದ್ಯಾಪೀಠಗಳು ಸೇರಿದವು. ನಮ್ಮ ಸಂವಿಧಾನವು 1976ರಿಂದ ಪ್ರಕೃತಿರಕ್ಷಣೆಯನ್ನು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಾರಿದೆ. ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಆಜ್ಞಾಪಿಸಿದ ಮೇಲೆ ಪರಿಸರವಿಷಯವು ಕಾಲೇಜುಗಳಲ್ಲಿ ಕಡ್ಡಾಯ ಪಾಠವೂ ಆಯಿತು. ಪಾಠಕ್ಕೆ ಕೊರತೆಯಿಲ್ಲ.

ಹಣವೆಲ್ಲಿದೆ ಎಂಬ ಆಕ್ಷೇಪವು ಹಗುರವಾದುದಲ್ಲ. ಸಂಬಳಕ್ಕೇ ಪರದಾಡುವ ಸಂಸ್ಥೆಗೆ ಕೆರೆಯ ಚಿಂತೆ ಹೇಗೆ? ಆದರೆ ನಾನು ಬೇಡುವ ಮೊದಲ ಕಾರ್ಯಕ್ಕೆ ಹಣ ಹೆಚ್ಚು ಬೇಡ, ಲೆಕ್ಕ ಬೇಕು. ಎಷ್ಟು ನೀರು ಎತ್ತಿದೆವು, ಎಷ್ಟನ್ನು ಶುದ್ಧಿಮಾಡಿ ಬಿಟ್ಟೆವು, ಎಷ್ಟು ವಿದ್ಯುತ್ತು ಉರಿಸಿದೆವು, ಎಷ್ಟು ಮರ ಕಡಿದೆವು, ಕೆರೆಯ ನೀರಿನ ಗುಣ ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ. ಇದನ್ನು ಅಳೆಯಲು ಬೇಕಾದ ರಸಾಯನಜ್ಞರೂ ಸಸ್ಯಜ್ಞರೂ ಭೂಗರ್ಭಜ್ಞರೂ ಆ ಆವರಣದಲ್ಲೇ ಇದ್ದಾರೆ. ಶಿಷ್ಯರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವುದು? ಆ ಲೆಕ್ಕದ ಮೇಲೆ, ಇಂತಿಷ್ಟು ವರ್ಷದಲ್ಲಿ ಇಂತಿಷ್ಟನ್ನು ತಗ್ಗಿಸುವೆವೆಂಬ ಸಂವಿತ್ತನ್ನು ಬರೆದು, ಮುಂದಿನ ಕುಲಪತಿಗಳನ್ನೂ ಕಟ್ಟುವಂತೆ ಸಿಂಡಿಕೇಟಿನಲ್ಲಿ ಅಂಗೀಕರಿಸಲಿ. ತಪ್ಪಿದ ವರ್ಷ ತಪ್ಪಿದೆವೆಂದು ಬರೆಯಲಿ.

ನನ್ನ ತಮ್ಮನ ಮಗಳಿಗೆ ಪದವಿಯಾಗುವ ಘಟಿಕೋತ್ಸವಕ್ಕೆ ನಾವಿಬ್ಬರೂ ಹೋಗುವುದೆಂದು ನಿಶ್ಚಯವಾಗಿದೆ. ಅಲ್ಲಿ ಸ್ನಾತಕರಿಗೆ ಪ್ರತಿಜ್ಞೆಯನ್ನು ಹೇಳಿಕೊಡುವ ಮುನ್ನ ವಿಶ್ವವಿದ್ಯಾನಿಲಯವು ಎದ್ದುನಿಂತು ತನ್ನ ಪ್ರತಿಜ್ಞೆಯನ್ನು ಓದುವುದನ್ನು ಕೇಳಬೇಕೆಂದು ನನಗಾಸೆ. ಬ್ಯಾರನ್ನಿನ ವಿಷಯದಲ್ಲಿ ನಾನು ತಮ್ಮನೊಡನೆ ಆಡಬೇಕಾದ ಮಾತೊಂದಿದೆ. ಅದನ್ನು ಆ ಸಂಜೆಗೆ ಇಟ್ಟುಕೊಂಡಿದ್ದೇನೆ.