ಚೆನ್ನೆಮಣೆಯಲ್ಲಿ ‘ನನ್ನದು’ ಎಂಬ ಮಾತು

ಚದುರಂಗದ ಮುಂದೆ ಕೂತವರಿಗೆ ತಮ್ಮ ಕಾಯಿ ಯಾವುದೆಂಬ ಅನುಮಾನ ಎಂದೂ ಬರುವುದಿಲ್ಲ. ಬಿಳಿಯ ಕುದುರೆ ಎದುರಾಳಿಯ ಮನೆಯೊಳಗೆ ಎಷ್ಟೇ ದೂರ ನುಗ್ಗಿದರೂ ಬಿಳಿಯ ಕುದುರೆಯೇ. ಹುಲಿ-ಕುರಿ ಆಟದಲ್ಲೂ ಅಷ್ಟೇ: ಹುಲಿ ಆಡಿಸುವವರ ಹುಲಿ ಆಟ ಮುಗಿಯುವ ತನಕ ಅವರದೇ. ಚೆನ್ನೆಮಣೆಯಲ್ಲಿ ಈ ಭರವಸೆ ಇಲ್ಲ. ತುಳುನಾಡಿನಲ್ಲಿ ಚೆನ್ನೆ, ಘಟ್ಟದ ಮೇಲೆ ಅಳಗುಳಿಮಣೆ, ತಮಿಳುನಾಡಿನಲ್ಲಿ ಪಲ್ಲಾಂಗುಳಿ ಎಂದು ಕರೆಸಿಕೊಳ್ಳುವ ಈ ಆಟಕ್ಕೆ ಬೇಕಾದದ್ದು ಏಳೇಳು ಗುಳಿಗಳ ಎರಡು ಸಾಲು ಮತ್ತು ಒಂದು ಹಿಡಿ ಬೀಜ. ಕೆಲವು ಊರುಗಳಲ್ಲಿ ಗುಳಿಗೆ ನಾಲ್ಕರಂತೆ 56, ಇನ್ನು ಕೆಲವೆಡೆ ಐದರಂತೆ 70. ಮಂಜೊಟ್ಟಿಯಾಗಲಿ ಹುಣಸೆಬೀಜವಾಗಲಿ, ಎಲ್ಲವೂ ಒಂದೇ ಜಾತಿಯವು. ಯಾವ ಬೀಜದ ಮೈಮೇಲೂ ಅದು ಯಾರದೆಂಬ ಗುರುತಿಲ್ಲ. ಸದ್ಯಕ್ಕೆ ಅದು ಕೂತಿರುವ ಗುಳಿ ಯಾರ ಸಾಲಿನದು ಎಂಬುದಷ್ಟೇ ಲೆಕ್ಕ. ಒಂದು ವಸ್ತು ‘ನನ್ನದು’ ಆಗುವುದು ಹೇಗೆ ಎಂಬುದು ನಮ್ಮ ದರ್ಶನಗಳೆಲ್ಲ ತಡಕಿದ ಪ್ರಶ್ನೆ. ಅದನ್ನು ಕೈಬೆರಳಿಗೆ ತಿಳಿಯುವ ಹಾಗೆ ಮುಂದಿಡುವ ಆಟ ಇದು ಎಂಬುದು ನನ್ನ ವಾದ.

ಆಡುವ ಕ್ರಮ ಸರಳ. ನಿಮ್ಮ ಸಾಲಿನ ಒಂದು ಗುಳಿಯನ್ನು ಪೂರ್ತಿ ಬರಿದು ಮಾಡಿ, ಮುಂದಿನ ಗುಳಿಗಳಿಗೆ ಒಂದೊಂದೇ ಬೀಜ ಹಾಕುತ್ತ ಹೋಗಬೇಕು. ನಿಮ್ಮ ಸಾಲು ಮುಗಿದರೆ ಎದುರಿನ ಸಾಲಿಗೂ ಹಾಕಲೇಬೇಕು. ಅವರ ಗುಳಿಯನ್ನು ದಾಟಿ ನಿಮ್ಮದಕ್ಕೇ ಮರಳುವ ಹಾಗಿಲ್ಲ. ಕೈಯ ಬೀಜ ಮುಗಿದಾಗ ಮುಂದಿನ ಗುಳಿಯಲ್ಲಿರುವುದನ್ನು ಎತ್ತಿಕೊಂಡು ಮತ್ತೆ ಹಂಚಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಹಂಚುವುದು ಅಲ್ಲಿಗೆ ನಿಲ್ಲುತ್ತದೆ; ಆ ಬರಿದು ಗುಳಿಯ ಆಚೆಗಿನ ಗುಳಿಯಲ್ಲಿ ಏನಿದೆಯೋ ಅದು ಆಡಿದವರ ಗಳಿಕೆ. ಅಲ್ಲೂ ಏನೂ ಇಲ್ಲದಿದ್ದರೆ ಬರಿಗೈ. ಸಣ್ಣಪುಟ್ಟ ನಿಯಮಗಳು ಊರಿಂದೂರಿಗೆ ಬದಲಾದರೂ ಈ ತಿರುಳು ಬಹುತೇಕ ಕಡೆ ಒಂದೇ. ಇಲ್ಲಿ ದಾಳವಿಲ್ಲ, ಮುಚ್ಚಿಟ್ಟ ಎಲೆಯಿಲ್ಲ. ಋಗ್ವೇದದ ಹತ್ತನೆಯ ಮಂಡಲದ ಜೂಜುಗಾರ ತನ್ನ ಹಾಳುಬಾಳಿಗೆ ದಾಳಗಳನ್ನು ಹಳಿಯುತ್ತಾನೆ. ಚೆನ್ನೆ ಆಡುವವರಿಗೆ ಹಳಿಯಲು ಅಂಥದ್ದೇನೂ ಸಿಗುವುದಿಲ್ಲ. ಎಲ್ಲವೂ ಕಣ್ಣೆದುರಿಗೇ ಇದೆ. ಆದರೂ ಒಂದು ಗುಳಿ ಎತ್ತಿದರೆ ಬೀಜದ ಓಟ ಎಷ್ಟು ಸುತ್ತು ಸುತ್ತಿ ಎಲ್ಲಿ ನಿಲ್ಲುತ್ತದೆಂದು ಹೊಸಬರು ಮೊದಲೇ ಹೇಳಲಾರರು. ಆಯ್ಕೆ ನಮ್ಮದು, ಅದರ ಹರಿವು ನಮ್ಮದಲ್ಲ. ಕರ್ಮವನ್ನು ಕುರಿತ ನಮ್ಮ ಚರ್ಚೆಗಳಲ್ಲಿ ‘ಅದೃಷ್ಟ’ ಎಂದರೆ ಕಾಣದೆ ಇರುವ ಫಲ. ಇಲ್ಲಿ ಕಾಣದ್ದು ಏನೂ ಇಲ್ಲ, ಎಣಿಸಿ ಮುಗಿಸಲಾಗದ್ದು ಮಾತ್ರ ಇದೆ.

ಕಲಿಯುವವರ ಕಣ್ಣು ಮೊದಮೊದಲು ತನ್ನ ಸಾಲಿನ ಅತಿ ತುಂಬಿದ ಗುಳಿಯ ಮೇಲೇ ಇರುತ್ತದೆ. ಅದನ್ನು ಎತ್ತಲು ಮನಸ್ಸು ಬಾರದು. ಕೂಡಿಟ್ಟಷ್ಟೂ ಸುರಕ್ಷಿತ ಎಂಬ ಲೆಕ್ಕ ಅಲ್ಲಿ ಕೆಲಸ ಮಾಡುತ್ತಿರುತ್ತದೆ. ಎದುರಾಳಿಯ ಒಂದು ಓಟ ಬಂದು, ಪಕ್ಕದ ಬರಿದು ಗುಳಿಯ ಬಳಿ ನಿಂತು, ಕೂಡಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಬಾಚಿಕೊಂಡು ಹೋದಾಗ ಆ ಲೆಕ್ಕ ಕುಸಿಯುತ್ತದೆ. ಆಮೇಲೆ ಕಣ್ಣು ಬರಿದು ಗುಳಿಗಳ ಕಡೆ ಹೊರಳುತ್ತದೆ, ಏಕೆಂದರೆ ಗಳಿಕೆಯೂ ನಷ್ಟವೂ ಹುಟ್ಟುವುದು ಅವುಗಳ ಪಕ್ಕದಲ್ಲೇ. ಮತ್ತೂ ಆಡಿದವರು ಎರಡು ಸಾಲನ್ನೂ ಒಂದೇ ಆಗಿ ನೋಡತೊಡಗುತ್ತಾರೆ. ಎದುರಿನ ಗುಳಿಗೆ ಹಾಕಿದ ಬೀಜ ನಾಳೆ ತನ್ನ ಕಡೆಗೇ ಹರಿದು ಬರಬಹುದು, ತನ್ನ ಗುಳಿಯದ್ದು ಅತ್ತ ಹೋಗಬಹುದು ಎಂಬುದು ಅವರಿಗೆ ಸಹಜವಾಗಿ ಕಾಣುತ್ತದೆ. ಇದನ್ನು ಆಟದ ಜಾಣ್ಮೆ ಎಂದಷ್ಟೇ ಹೇಳಿ ಮುಗಿಸಬಹುದು. ನನಗೆ ಅದು ಸಾಲದೆನಿಸುತ್ತದೆ. ‘ನನ್ನದು’ ಎಂಬುದು ವಸ್ತುವಿನ ಗುಣವೆಂದು ನಂಬಿ ಕೂತವರು, ಅದು ವಸ್ತು ಈ ಗಳಿಗೆಗೆ ನಿಂತ ಜಾಗದ ಹೆಸರಷ್ಟೇ ಎಂದು ಕಂಡುಕೊಂಡರೆ, ಅವರು ಕಲಿತದ್ದು ಜಾಣ್ಮೆಗಿಂತ ದೊಡ್ಡದು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ನಿಯಮ ಹೇಳಿತೆಂದು ಎದುರಿನ ಗುಳಿಗೆ ಬೀಜ ಹಾಕುವುದರಲ್ಲಿ ಧರ್ಮ ಯಾವುದು? ಬಲವಂತದ ಕೊಡುಗೆಗೆ ಪುಣ್ಯವಿಲ್ಲ. ಹನ್ನೆರಡನೆಯ ಶತಮಾನದ ಶರಣರು ದಾನವನ್ನೂ ದಾಸೋಹವನ್ನೂ ಬೇರೆಬೇರೆಯಾಗಿ ಕಂಡರು. ದಾನದಲ್ಲಿ ‘ನನ್ನದನ್ನು ಕೊಟ್ಟೆ’ ಎಂಬ ಅಹಂಕಾರ ಉಳಿದುಬಿಡಬಹುದು; ದಾಸೋಹದಲ್ಲಿ ಕೊಡುವವನು ಒಡೆಯನೇ ಅಲ್ಲ. ಚೆನ್ನೆ ಆಡುವವರು ಕೊಡುವುದು ಇವೆರಡರಲ್ಲಿ ಯಾವುದೂ ಅಲ್ಲ, ಗೆಲ್ಲುವ ಆಸೆಯಿಂದಲೇ ಅವರು ಹಂಚುತ್ತಾರೆ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆಟ ಯಾರನ್ನೂ ಉದಾರಿಯಾಗಿಸುವುದಿಲ್ಲ. ಆದರೆ ದಾಸೋಹಕ್ಕೂ ಮೊದಲು ಒಂದು ತಿಳಿವು ಬೇಕು: ಕೈಯಲ್ಲಿರುವುದು ತನ್ನಲ್ಲೇ ಹುಟ್ಟಿದ್ದಲ್ಲ, ತನ್ನಲ್ಲೇ ನಿಲ್ಲುವುದೂ ಇಲ್ಲ ಎಂಬ ತಿಳಿವು. ಅದು ಉಪದೇಶದಿಂದ ತಲೆಗೆ ಹತ್ತೀತು. ಕೈಗೆ ಹತ್ತಬೇಕಾದರೆ ಸಾವಿರ ಸಲ ಗುಳಿ ಬರಿದು ಮಾಡಿ ನೋಡಬೇಕು. ಚೆನ್ನೆಮಣೆ ಕೊಡುವುದು ಆ ಅಭ್ಯಾಸವನ್ನು. ಮುಂದಿನದನ್ನು ಮನುಷ್ಯರು ತಾವೇ ಮಾಡಿಕೊಳ್ಳಬೇಕು.

ಕೊನೆಗೆ ಬೀಜ ಎಣಿಸುವುದಿಲ್ಲವೇ, ಹೆಚ್ಚು ಬಾಚಿದವರೇ ಗೆದ್ದವರಲ್ಲವೇ ಎಂದು ಕೇಳಬಹುದು. ನಿಜ, ಮತ್ತು ಆಟದ ನಿಷ್ಠುರ ಮುಖ ಕಾಣುವುದೇ ಇಲ್ಲಿ. ಒಂದು ಸುತ್ತು ಮುಗಿದ ಮೇಲೆ ಇಬ್ಬರೂ ತಾವು ಗಳಿಸಿದ್ದರಿಂದ ತಮ್ಮ ಗುಳಿಗಳನ್ನು ತುಂಬಬೇಕು. ಸಾಲದೆ ಹೋದವರ ಕೆಲವು ಗುಳಿಗಳು ಆಟದಿಂದ ಹೊರಗುಳಿಯುತ್ತವೆ. ಬಡವರಾದವರು ಇನ್ನಷ್ಟು ಇಕ್ಕಟ್ಟಿನಲ್ಲಿ ಆಡಬೇಕಾಗುತ್ತದೆ. ಲೋಕದ ಅನ್ಯಾಯವನ್ನು ಇದಕ್ಕಿಂತ ನೇರವಾಗಿ ತೋರಿಸುವ ಆಟ ಕಡಿಮೆ. ಆದರೆ ಗೆದ್ದವರ ಸ್ಥಿತಿಯನ್ನೂ ನೋಡಿ. ಗಳಿಸಿದ್ದನ್ನು ಮತ್ತೆ ಮಣೆಗೆ ಸುರಿಯದೆ ಅವರಿಗೆ ಮುಂದಿನ ಸುತ್ತಿಲ್ಲ. ಎದುರಿನವರು ಒಂದು ಗುಳಿಯನ್ನೂ ತುಂಬಲಾರದ ದಿನ ಎಲ್ಲ ಬೀಜವೂ ಇವರದಾಗುತ್ತದೆ, ಆಗ ಆಡಲು ಏನೂ ಉಳಿಯುವುದಿಲ್ಲ. ಗೆಲುವಿನ ಬೆಲೆಯನ್ನು ಇನ್ನೊಂದು ಕಡೆಯಿಂದಲೂ ಅಳೆಯಬಹುದು. ಆಫ್ರಿಕಾದಲ್ಲಿ ಇದೇ ಕುಟುಂಬದ ಅವಾರಿ ಎಂಬ ಆಟವಿದೆ, 12 ಗುಳಿ, 48 ಬೀಜ. ಆಮ್‌ಸ್ಟರ್‌ಡ್ಯಾಮಿನ ಜಾನ್ ರೊಮೈನ್ ಮತ್ತು ಹೆನ್ರಿ ಬಾಲ್ 2002ರಲ್ಲಿ ಅದರ 889 ಶತಕೋಟಿಗೂ ಹೆಚ್ಚು ಸ್ಥಿತಿಗಳನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿದರು. ಇಬ್ಬರೂ ತಪ್ಪದೆ ಆಡಿದರೆ ಆಟ ಸಮವಾಗಿ ಮುಗಿಯುತ್ತದೆ ಎಂಬುದು ಸಿಕ್ಕ ಉತ್ತರ. ಚೆನ್ನೆಯ ನಿಯಮಗಳು ಬೇರೆ, ಆ ಫಲಿತಾಂಶವನ್ನು ಇದಕ್ಕೆ ಹಚ್ಚಲಾಗದು. ಆದರೆ ಅವಾರಿಯ ಮಟ್ಟಿಗಾದರೂ, ಗೆದ್ದವರ ಪಾಲಿನಲ್ಲಿ ಹೆಚ್ಚಾಗಿ ಕಾಣುವ ಪ್ರತಿ ಬೀಜವೂ ಎದುರಿನವರ ಒಂದು ಎಡವಿನ ಗುರುತು. ಅದನ್ನು ‘ನನ್ನ ಸಂಪಾದನೆ’ ಎಂದು ಎದೆ ತಟ್ಟಿ ಹೇಳುವುದು ಕಷ್ಟ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ತುಳುನಾಡಿನ ಒಳಗಿನಿಂದಲೇ ಬರುತ್ತದೆ. ಸಿರಿ ಎಂಬ ಹೆಣ್ಣಿನ ಮತ್ತು ಅವಳ ವಂಶದ ಕಥೆ ಹೇಳುವ ತುಳು ಹಾಡುಗಥೆ ಸಿರಿ ಪಾಡ್ದನದಲ್ಲಿ ಆ ವಂಶದ ಅವಳಿ ಹುಡುಗಿಯರು ಅಬ್ಬಗ ಮತ್ತು ದಾರಗ ಚೆನ್ನೆ ಆಡಲು ಕೂರುತ್ತಾರೆ. ಸೋಲು ಗೆಲುವಿನ ಜಗಳ ಹತ್ತಿ ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದಲೇ ಹೊಡೆಯುತ್ತಾಳೆ. ತಂಗಿಯೋ ಅಕ್ಕನೋ ಸತ್ತುಬಿದ್ದದ್ದನ್ನು ಕಂಡು ಹೊಡೆದವಳು ಬಾವಿಗೆ ಹಾರುತ್ತಾಳೆ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ ಹಾಡುಗಾರ ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿ 1998ರಲ್ಲಿ ಹೊರತಂದ ಈ ಪಾಡ್ದನದ ಪಠ್ಯದಲ್ಲಿ 15,683 ಸಾಲುಗಳಿವೆ. ಅಷ್ಟು ದೀರ್ಘವಾದ ಕಥೆ ತಲೆಮಾರುಗಳನ್ನು ದಾಟಿ ಬಂದು ಸೇರುವುದು ಈ ಮಣೆಯ ಬಳಿಗೆ. ನಂದಳಿಕೆ, ಕವತ್ತಾರುಗಳ ಸಿರಿ ಜಾತ್ರೆಯಲ್ಲಿ ಆವೇಶಗೊಳ್ಳುವ ಹೆಣ್ಣುಮಕ್ಕಳ ಮೈಯಲ್ಲಿ ಇಂದಿಗೂ ಆ ವಂಶದವರೇ ಮಾತಾಡುತ್ತಾರೆ. ಅಕ್ಕತಂಗಿಯರು ಚೆನ್ನೆ ಆಡಬಾರದೆಂಬ ಹಿರಿಯರ ನಂಬಿಕೆಯ ಹಿಂದೆ ಈ ಸಾವು ಇದೆ. ಹಾಗಿದ್ದರೆ ಈ ಆಟ ಮಮಕಾರವನ್ನು ಸಡಿಲಿಸುತ್ತದೆ ಎನ್ನುವ ನನ್ನ ಮಾತಿಗೆ ಏನು ಬೆಲೆ? ನನ್ನ ಉತ್ತರ ಇಷ್ಟು. ಅವಳಿಗಳು ಮಣೆಯ ಮೇಲಿನ ಬೀಜಗಳ ಹಾಗೆಯೇ: ಒಂದೇ ಬಸುರಿನವರು, ಗುರುತಿಲ್ಲದಷ್ಟು ಒಂದೇ ತರದವರು. ಅಂಥವರ ನಡುವೆಯೂ ‘ನನ್ನದು ಹೆಚ್ಚು’ ಎಂಬ ಎಣಿಕೆ ಹೊಕ್ಕರೆ ಏನಾಗುತ್ತದೆಂದು ಕಥೆ ಹೇಳುತ್ತಿದೆ. ಹೊಡೆಯಲು ಎತ್ತಿಕೊಂಡದ್ದು ಇಬ್ಬರಿಗೂ ಸೇರಿದ್ದ ಏಕೈಕ ವಸ್ತುವನ್ನು, ಮಣೆಯನ್ನು. ಗುಳಿಗಳಿಂದ ಬೀಜ ಚೆಲ್ಲದೆ ಅದನ್ನು ಎತ್ತಲು ಬರುವುದಿಲ್ಲ. ಅಂದರೆ ಹೊಡೆಯುವ ಮೊದಲೇ ಅವಳು ಆಟವನ್ನು ಬಿಟ್ಟಾಗಿತ್ತು. ಕಥೆಯ ಎಚ್ಚರಿಕೆ ಆಟಕ್ಕಿಂತ ಆ ಎಣಿಕೆಗೆ ಹೆಚ್ಚು ತಗಲುತ್ತದೆ ಎಂದೇ ನಾನು ತಿಳಿದಿದ್ದೇನೆ. ಹಿರಿಯರೂ ಆಟವನ್ನು ನಿಲ್ಲಿಸಲಿಲ್ಲ, ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಆಡಬೇಕೆಂಬ ಬೇಲಿ ಹಾಕಿದರು.

ಮಳೆಗಾಲದ ಹೊತ್ತು ಕಳೆಯಲು ಹೆಂಗಸರು ಆಡಿಕೊಂಡು ಬಂದ ಆಟದ ಮೇಲೆ ಇಷ್ಟೊಂದು ತತ್ವ ಹೇರಬೇಕೇ ಎಂಬುದು ಉಳಿದ ಪ್ರಶ್ನೆ. ಆಡಿದವರೆಲ್ಲ ಇದನ್ನು ಯೋಚಿಸಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಇದೇ ಹೆಂಗಸರ ನಡುವೆ ಉಳಿದು ಬಂದ ಪಾಡ್ದನ ತನ್ನ ಅತಿ ಘೋರವಾದ ಸಾವನ್ನು ಈ ಮಣೆಯ ಮೇಲೇ ಇಟ್ಟಿತು. ಆಟವನ್ನು ಹಗುರವೆಂದು ತಿಳಿದವರು ಹಾಗೆ ಇಡುವುದಿಲ್ಲ. ಜುಲೈ ನಡುವಿನಲ್ಲಿ ಆಟಿ ಬರುತ್ತದೆ. ಅಟ್ಟದಲ್ಲಿ ಮಣೆ ಇದ್ದರೆ ಇಳಿಸಿ ಒರೆಸಿ, ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ ಹದಿನಾಲ್ಕು ಸುತ್ತು ಬರೆಯಿರಿ. ಮಕ್ಕಳಿಗೆ ಚೆನ್ನೆ ಕಲಿಸುವಾಗ ಅಬ್ಬಗ-ದಾರಗರ ಕಥೆಯನ್ನೂ ಬಿಡದೆ ಹೇಳಿ.