ಯಾರ ಮನೆಯಲ್ಲಿ ಉಳಿಯುತ್ತೀ?

ಅಂತರರಾಷ್ಟ್ರೀಯ ಶಿಕ್ಷಣ ಸಮ್ಮೇಳನಗಳ ಆಹ್ವಾನ ಪತ್ರಗಳನ್ನು ಗಮನಿಸಿದ್ದೀರಾ? ವಿಷಯ, ಉಪವಿಷಯಗಳು, ಸಾರಾಂಶ ಕಳಿಸಲು ಕೊನೆಯ ದಿನ, ನೋಂದಣಿ ಶುಲ್ಕ ಎಲ್ಲ ಮುಗಿದ ಮೇಲೆ ತೀರಾ ಕೆಳಗೆ 'ಪ್ರಯಾಣ ಮತ್ತು ವಸತಿ' ಎಂಬ ಒಂದು ಪ್ಯಾರಾ ಇರುತ್ತದೆ. ಪ್ರತಿನಿಧಿಗಳು ಆ ವ್ಯವಸ್ಥೆಯನ್ನು ತಾವೇ ಮಾಡಿಕೊಳ್ಳತಕ್ಕದ್ದು ಎಂಬುದು ಅದರ ತಾತ್ಪರ್ಯ. ಜೊತೆಗೆ ನಾಲ್ಕೈದು ಹೋಟೆಲುಗಳ ಹೆಸರು, ರಿಯಾಯಿತಿ ದರ. ಅನುಕೂಲವಿದ್ದವರು ಈ ಪ್ಯಾರಾವನ್ನು ಕೊನೆಗೆ ಓದುತ್ತಾರೆ, ಕೆಲವರು ಓದುವುದೇ ಇಲ್ಲ. ನನ್ನಂಥವರು ಮೊದಲು ಓದುವುದೇ ಅದನ್ನು.

ನಾನು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನವಳು. ಮೈಸೂರಿನಲ್ಲಿ ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಹೈಸ್ಕೂಲು ದೂರವಾದಷ್ಟೂ ಹಳ್ಳಿಯ ಹೆಣ್ಣುಮಕ್ಕಳ ಓದಿಗೆ ಏನಾಗುತ್ತದೆ ಎಂಬುದು ನನ್ನ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳು ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರ್, ಎಂಟನೆಯವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆನ್ನುತ್ತವೆ. ಒಂಬತ್ತನೆಯ ತರಗತಿಯ ಹುಡುಗಿ ಎಷ್ಟು ದೂರ ಹೋಗಬೇಕು ಎಂಬ ಬಗ್ಗೆ ಆ ಕಾಯ್ದೆಗೆ ಹೇಳುವುದೇನೂ ಇಲ್ಲ. ಅದರ ಹಕ್ಕು ಹದಿನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಈ ಬಗ್ಗೆ ನಾನು ಬರೆದ ಪ್ರಬಂಧ ಯೂರೋಪಿನ ಒಂದು ನಗರದ ಸಮ್ಮೇಳನಕ್ಕೆ ಆಯ್ಕೆಯಾಗಿದೆ. ಸಮ್ಮೇಳನ ಮೂರು ದಿನ, ನನ್ನ ಪಾಲು ಹದಿನೈದು ನಿಮಿಷ, ಪ್ರಶ್ನೆಗಳಿಗೆ ಇನ್ನೈದು. ನಾಲ್ಕು ಕಿಲೋಮೀಟರ್ ಕೂಡ ಒಬ್ಬ ಹುಡುಗಿಗೆ ದೊಡ್ಡ ದೂರ ಎಂದು ಹೇಳಲು ಏಳೆಂಟು ಸಾವಿರ ಕಿಲೋಮೀಟರ್ ಹೋಗಬೇಕು. ನಗುವವರು ನಗಬಹುದು, ನಾನೂ ನಕ್ಕಿದ್ದೇನೆ.

ಸುದ್ದಿ ಹೇಳಿದಾಗ ಅವ್ವ ಪ್ರಬಂಧದ ಬಗ್ಗೆ ಕೇಳಲಿಲ್ಲ, ವಿಮಾನದ ಬಗ್ಗೆಯೂ ಕೇಳಲಿಲ್ಲ. "ಅಲ್ಲಿ ಯಾರ ಮನಲಿ ಉಳ್ಕತೀಯ ಕೂಸೇ?" ಅಂದಳು. ನಮ್ಮ ಕಡೆ ಪರ ಊರಿಗೆ ಹೋಗುವುದೆಂದರೆ ಒಬ್ಬರ ಮನೆಗೆ ಹೋಗುವುದು. ಊರಿಗೆ ಹೋಗಿ ಯಾರ ಮನೆಗೂ ಹೋಗದೆ ಬರುವುದು ಆಸ್ಪತ್ರೆಗೆ ಮತ್ತು ಕೋರ್ಟಿಗೆ ಮಾತ್ರ.

ನಮ್ಮೂರಿನ ಹೆಸರಲ್ಲೇ ಈ ಮಾತು ಇದೆ. ಬೀಡು ಎಂದರೆ ತಂಗುವ ಜಾಗ. ಬೀಡು ಬಿಡುವುದು, ಬಿಡಾರ ಹೂಡುವುದು ಎನ್ನುತ್ತೇವಲ್ಲ, ಅದು. ಮದುವೆಯಲ್ಲಿ ಗಂಡಿನ ಕಡೆಯವರನ್ನು ಇಳಿಸುವ ಬಿಡದಿ ಮನೆಯೂ ಅದೇ ಬಳಗದ ಮಾತು. ಬಂದವನು ಉಳಿದುಕೊಂಡ ಜಾಗವೇ ಊರಾಯಿತು ಎಂದು ಆ ಹೆಸರು ಹೇಳುತ್ತದೆ. ಇನ್ನೊಂದು ಕಡೆ 'ಅತಿಥಿ' ಎಂಬ ಪದವಿದೆ. ತಿಥಿ ಇಲ್ಲದೆ ಬರುವವನು, ದಿನ ಗೊತ್ತುಮಾಡಿಕೊಳ್ಳದೆ ಬರುವವನು ಎಂದು ಮೇಷ್ಟ್ರುಗಳು ಬಿಡಿಸಿ ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಆ ಲೆಕ್ಕಕ್ಕೆ ಸಮ್ಮೇಳನದ ಪ್ರತಿನಿಧಿ ಅತಿಥಿಯೇ ಅಲ್ಲ. ಅವನಿಗೆ ಬರುವ ತಿಥಿ, ಹೋಗುವ ತಿಥಿ, ಕೋಣೆ ಖಾಲಿ ಮಾಡುವ ಗಂಟೆ ಎಲ್ಲವೂ ಇದೆ. ಅವನನ್ನು ಕರೆದಿದ್ದಾರೆ, ಆದರೆ ಬರಮಾಡಿಕೊಳ್ಳುವ ಹೊಣೆ ಯಾರದೂ ಅಲ್ಲ. ಹಾಗಾದರೆ ಅವನು ಯಾರು? ಗಿರಾಕಿಯೇ?

ಜರ್ಮನಿಯ ತತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಇದಕ್ಕೆ ಹತ್ತಿರದ ಒಂದು ಚರ್ಚೆ ಇದೆ. ಪರದೇಶದವನು ಬಂದಾಗ ಅವನನ್ನು ಶತ್ರುವಿನಂತೆ ಕಾಣಬಾರದು, ಇದು ದಯೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ ಎನ್ನುತ್ತಾನೆ. ಅಲ್ಲಿಗೇ ಒಂದು ಗೆರೆಯನ್ನೂ ಎಳೆಯುತ್ತಾನೆ: ಅವನಿಗಿರುವುದು ಬಂದು ಕಾಣುವ ಹಕ್ಕು, ಮನೆಯಲ್ಲಿ ಅತಿಥಿಯಾಗಿ ಉಳಿಯಬೇಕಾದರೆ ಬೇರೆಯೇ ಒಪ್ಪಂದ ಬೇಕು. ಹುಟ್ಟೂರಾದ ಕೊನಿಗ್ಸ್‌ಬರ್ಗಿನ ಸುತ್ತಮುತ್ತಲು ಬಿಟ್ಟು ದೂರ ಹೋಗದ ಮನುಷ್ಯ ಲೋಕಸಂಚಾರದ ಹಕ್ಕಿನ ಬಗ್ಗೆ ಇಷ್ಟು ನಿಖರವಾಗಿ ಯೋಚಿಸಿದ್ದು ನನಗೆ ಯಾವಾಗಲೂ ಆಶ್ಚರ್ಯ. ಕಾಂಟ್‌ನ ಗೆರೆಯ ಎರಡೂ ಬದಿಯಲ್ಲಿ ಜಾಗ ಸಿಗದವರ ಪಾಡೇನು ಎಂಬುದೇ ಈಚಿನ ತಿಂಗಳುಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆ.

ಪ್ರಯಾಣದ ಯೋಜನೆಯ ಮೊದಲ ಭಾಗ ಸಲೀಸು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಊರಿಂದ ಗುಂಡ್ಲುಪೇಟೆ, ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರು, ಅಲ್ಲಿಂದ ಬೆಂಗಳೂರಿನವರೆಗೆ ಸಾಮಾನ್ಯ ಬಸ್ಸಿನಲ್ಲಿ ನನಗೆ ಶೂನ್ಯ ಟಿಕೆಟ್. ನನ್ನ ಅಧ್ಯಯನದ ಹುಡುಗಿಯರಿಗೂ ಈ ಟಿಕೆಟ್ ಇದೆ. ಅವರಿಗೆ ಇಲ್ಲದ್ದು ಸಂಜೆ ಹೊತ್ತಿಗೆ ಸರಿಯಾಗಿ ಬರುವ ಬಸ್ಸು. ಊರಿನವರ ಪ್ರಕಾರ ಹತ್ತಿರದ ವಿಮಾನ ನಿಲ್ದಾಣ ಕಲ್ಲಿಕೋಟೆಯದು. ಓಣಂ ಹೊತ್ತಿಗೆ ನಮ್ಮ ಚೆಂಡುಹೂವು ಹೋಗುವುದು ಆ ದಾರಿಯಲ್ಲೇ ತಾನೆ. ಆದರೆ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡಿನೊಳಗೆ ಹಾಯುತ್ತದೆ, ಅಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ಬಂದ್. ಆಂಬುಲೆನ್ಸು, ಲೆಕ್ಕದ ಕೆಲವು ಬಸ್ಸು ಬಿಟ್ಟರೆ ಯಾರೂ ಹೋಗುವಂತಿಲ್ಲ. ಮದ್ದೂರು ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲಿನ ಹಿಂದೆ ಕಾರುಗಳೂ ನಿಲ್ಲುತ್ತವೆ. ಈ ಗೇಟಿನ ಬಗ್ಗೆ ನಮ್ಮ ಕಡೆ ಗೊಣಗುವವರು ಬಹಳ, ಆದರೆ ಅವಮಾನವಾಯಿತು ಎಂದವರನ್ನು ನಾನು ಕಂಡಿಲ್ಲ. ಅದು ಗಡಿಯಾರ ನೋಡಿ ನಿಲ್ಲಿಸುತ್ತದೆ, ಜೇಬು ನೋಡಿ ಅಲ್ಲ. ನಿಲ್ಲಿಸಿದ್ದಕ್ಕೆ ಕಾರಣವೂ ಗೊತ್ತು, ಆ ಒಂಬತ್ತು ಗಂಟೆ ರಸ್ತೆ ಆನೆ, ಜಿಂಕೆಗಳದ್ದು. ಎಲ್ಲ ಗಡಿಯೂ ಅನ್ಯಾಯ ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಈ ಗೇಟೇ ಕಾರಣ.

ಇನ್ನೊಂದು ಗಡಿಯ ವಿಷಯಕ್ಕೆ ಬರುತ್ತೇನೆ. ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ರಕ್ಷಣೆ ಇರುವ ವಿಮೆ ಬೇಕು. ಹೋಗಿಬರುವ ಟಿಕೆಟ್ಟಿನ ಕಾಯ್ದಿರಿಸುವಿಕೆ, ಉಳಿಯುವ ಜಾಗದ ದಾಖಲೆ, ಬ್ಯಾಂಕ್ ಖಾತೆಯ ವಿವರ, ಆದಾಯ ತೆರಿಗೆ ವಿವರಗಳು. ಇವುಗಳ ಪಟ್ಟಿ ನೋಡಿದಾಗ ನನಗೆ ಮೊದಲು ನೆನಪಾದದ್ದು ನಾಡಕಚೇರಿ. ವಿದ್ಯಾರ್ಥಿವೇತನಕ್ಕೆಂದು ಹಿಂದೆ ಅಲ್ಲಿಂದ ಆದಾಯ ಪ್ರಮಾಣಪತ್ರ ಮಾಡಿಸಿದ್ದೆ. ನಮ್ಮ ಆದಾಯ ಕಡಿಮೆ ಎಂದು ಸರ್ಕಾರ ಮುದ್ರೆ ಒತ್ತಿ ಕೊಟ್ಟ ಕಾಗದ. ಓದಲು ನೆರವು ಬೇಕಾದರೆ ಬಡತನ ಸಾಬೀತು ಮಾಡಬೇಕು, ಓದಿದ್ದನ್ನು ಹೇಳಲು ಹೋಗಬೇಕಾದರೆ ಸಿರಿತನ ಸಾಬೀತು ಮಾಡಬೇಕು. ಮನೆ ಅದೇ, ಹೊಲ ಅದೇ.

ತೆರಿಗೆ ವಿವರ ಎಂಬುದಂತೂ ನಮ್ಮಲ್ಲಿ ಹುಟ್ಟುವುದೇ ಇಲ್ಲ. ಕೃಷಿ ಆದಾಯಕ್ಕೆ ಈ ದೇಶದಲ್ಲಿ ಆದಾಯ ತೆರಿಗೆಯಿಲ್ಲ. ಅರಿಸಿನದ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಬಂದ ವಾರದಲ್ಲೇ ಸೊಸೈಟಿ ಸಾಲಕ್ಕೆ, ಗೊಬ್ಬರದಂಗಡಿಗೆ ಹೋಗುತ್ತದೆ. ಖಾತೆಯ ಪುಟಗಳಲ್ಲಿ ನಮ್ಮ ಸಂಸಾರ ಇಲ್ಲವೇ ಇಲ್ಲ ಎನ್ನಬಹುದು. ನೆಟ್ ಜೆಆರ್‌ಎಫ್ ಇರುವವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಅವರ ಪಾಡು ಸ್ವಲ್ಪ ವಾಸಿ. ಅದು ಇಲ್ಲದವರ ಖಾತೆ ತೋರಿಸುವಂತಿರುವುದಿಲ್ಲ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಎರಡು ಉಪಾಯಗಳಿವೆ, ಹಾಸ್ಟೆಲಿನ ಯಾವ ಸೀನಿಯರ್ ಅನ್ನು ಕೇಳಿದರೂ ಹೇಳಿಕೊಡುತ್ತಾರೆ. ಒಂದು, ನೆಂಟರಿಂದ ದುಡ್ಡು ತಂದು ಕೆಲವು ವಾರ ಖಾತೆಯಲ್ಲಿ ಇಟ್ಟು, ವೀಸಾ ಬಂದ ಮೇಲೆ ವಾಪಸ್ ಕೊಡುವುದು. ಇದಕ್ಕೆ 'ತೋರಿಸೋ ದುಡ್ಡು' ಎನ್ನುತ್ತಾರೆ. ಇನ್ನೊಂದು, ಪುಕ್ಕಟೆ ರದ್ದು ಮಾಡಬಹುದಾದ ಹೋಟೆಲ್ ಕೋಣೆ ಕಾಯ್ದಿರಿಸಿ, ಕಾಗದ ಮುದ್ರಿಸಿಕೊಂಡು, ಆಮೇಲೆ ರದ್ದು ಮಾಡುವುದು. ಇವು ಸುಳ್ಳೇ?

ಸುಳ್ಳಲ್ಲ ಎನ್ನುವವರ ವಾದ ಬಲವಾಗಿದೆ. ಕೇಳಬಾರದ್ದನ್ನು ಕೇಳಿದವರಿಗೆ ಹೇಳಬಾರದ್ದನ್ನು ಹೇಳಿದರೆ ತಪ್ಪೇನು? ನನ್ನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ನಾನು ಅಲ್ಲೇ ಉಳಿದುಬಿಡುತ್ತೇನೆ ಎಂಬ ಅನುಮಾನವೇ ಅಸಭ್ಯ, ಅದಕ್ಕೆ ಸತ್ಯದ ಗೌರವ ಯಾಕೆ? ಆದರೆ ನಾನು ಈ ವಾದದಲ್ಲಿ ಹೆಚ್ಚು ದೂರ ಹೋಗಲಾರೆ. ಅನುಮಾನ ಪಡುವ ವ್ಯವಸ್ಥೆಗೆ ಒಬ್ಬಳ ಸುಳ್ಳು ಸಿಕ್ಕರೆ, ಅದು ಅನುಮಾನ ಪಡುವುದು ನನ್ನೊಬ್ಬಳ ಮೇಲಲ್ಲ. ನನ್ನ ನಂತರ ಇದೇ ತಾಲ್ಲೂಕಿನಿಂದ ಅರ್ಜಿ ಹಾಕುವ ಹುಡುಗಿಯ ಮೇಲೆ. ರದ್ದು ಮಾಡುವ ಕೋಣೆಯ ವಿಷಯ ಅಷ್ಟು ಕಷ್ಟದ್ದಲ್ಲ. ಅಗ್ಗದ್ದು ಸಿಗದಿದ್ದರೆ ಅಲ್ಲೇ ಉಳಿಯುತ್ತೇನೆ ಎಂಬ ಮನಸ್ಸಿದ್ದರೆ ಅದು ಯೋಜನೆ, ಆ ಮನಸ್ಸೇ ಇಲ್ಲದಿದ್ದರೆ ಸುಳ್ಳು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಕಾಗದ, ವ್ಯತ್ಯಾಸ ಗೊತ್ತಿರುವುದು ಕಾಯ್ದಿರಿಸಿದವರಿಗೆ ಮಾತ್ರ.

ತೋರಿಸೋ ದುಡ್ಡಿನದು ಹೆಚ್ಚು ತೊಡಕು, ಹೆಚ್ಚು ಸ್ವಾರಸ್ಯ. ಚಿಕ್ಕಪ್ಪನ ದುಡ್ಡು ನನ್ನದಲ್ಲ ಎಂದು ಬ್ಯಾಂಕ್ ಹೇಳುತ್ತದೆ. ನಾನು ಪಿಯುಸಿಗೆ ಮೈಸೂರಿಗೆ ಹೋದಾಗ ಹಾಸ್ಟೆಲ್ ಫೀಸು ಕಟ್ಟಿದ್ದು ಅದೇ ದುಡ್ಡು. ಪರದೇಶದಲ್ಲಿ ನನಗೇನಾದರೂ ಆದರೆ ಹೊಲ ಅಡವಿಟ್ಟಾದರೂ ಕಳಿಸುವುದು ಅದೇ ಮನುಷ್ಯ. ಹಾಗಿದ್ದಾಗ ನನ್ನ ಬೆನ್ನಿಗೆ ದುಡ್ಡಿದೆ ಎಂಬುದು ನಿಜ, ಆ ದುಡ್ಡು ನನ್ನದು ಎಂಬುದು ಸುಳ್ಳು. ಸುಳ್ಳು ಇರುವುದು 'ನನ್ನದು' ಎಂಬ ಒಂದು ಮಾತಿನಲ್ಲಿ. ಆ ಮಾತು ತೆಗೆದರೆ ಉಳಿದದ್ದೆಲ್ಲ ಹೇಳಬಹುದಾದ ಸತ್ಯವೇ. ಅರ್ಜಿಯಲ್ಲಿ ಅದಕ್ಕೂ ಜಾಗವಿದೆ: ಖರ್ಚು ಭರಿಸುವವರು ಬೇರೆಯವರಾಗಿದ್ದರೆ ಅವರ ಹೆಸರು, ಅವರ ಹೊಣೆಪತ್ರ, ಅವರ ದಾಖಲೆಗಳು. ಕಾಗದ ಮೂರು ಪಟ್ಟು, ತಿರಸ್ಕಾರವಾಗುವ ಭಯವೂ ಹೆಚ್ಚು. ಪಹಣಿ, ಅರಿಸಿನ ಮಾರಿದ ಚೀಟಿ, ಅವುಗಳ ಇಂಗ್ಲಿಷ್ ಅನುವಾದ. ನಾನು ಈ ದಾರಿ ಹಿಡಿದೆ. ಇದರಿಂದ ನಾನು ಹೆಚ್ಚು ಸತ್ಯವಂತೆಯಾದೆ ಎಂದಲ್ಲ, ಚಿಕ್ಕಪ್ಪ ಎಂಬ ಸಂಬಂಧ ಆ ಅರ್ಜಿಯಲ್ಲಿ ಕಾಣಿಸಿಕೊಳ್ಳಲಿ ಎಂಬ ಹಟ ಇತ್ತು.

ಯೋಜನೆಯೇ ಇಲ್ಲದೆ ಹೊರಟವರ ಕತೆ ನಮಗೆಲ್ಲ ಗೊತ್ತಿದೆ. ವಿವೇಕಾನಂದರು 1892ರಲ್ಲಿ ಮೈಸೂರಿಗೆ ಬಂದರು, ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಹತ್ತನೆಯ ಚಾಮರಾಜ ಒಡೆಯರ ಅತಿಥಿಯಾಗಿದ್ದರು. 1893ರ ಮೇ 31ಕ್ಕೆ ಮುಂಬಯಿ ಬಿಟ್ಟು ಷಿಕಾಗೋ ತಲುಪಿದಾಗ ಜುಲೈ ಕೊನೆ, ಸಮ್ಮೇಳನ ಸೆಪ್ಟೆಂಬರ್ 11ಕ್ಕೆ. ಪ್ರತಿನಿಧಿ ಎನ್ನಲು ಪರಿಚಯ ಪತ್ರವಿಲ್ಲ, ದುಡ್ಡು ಕರಗುತ್ತಿದೆ. ಖರ್ಚು ಕಡಿಮೆಯೆಂದು ಬಾಸ್ಟನ್ ಕಡೆಗೆ ಹೋದರು. ಕೇಟ್ ಸ್ಯಾನ್‌ಬಾರ್ನ್ ಎಂಬ ಲೇಖಕಿ ತಮ್ಮ ಮನೆಯಲ್ಲಿ ಇಳಿಸಿಕೊಂಡರು, ಹಾರ್ವರ್ಡಿನ ಪ್ರೊಫೆಸರ್ ಜಾನ್ ಹೆನ್ರಿ ರೈಟ್ ಪತ್ರ ಬರೆದುಕೊಟ್ಟರು. ವಾಪಸ್ ಷಿಕಾಗೋಗೆ ಬಂದ ರಾತ್ರಿ ವಿಳಾಸ ಕಳೆದುಹೋಗಿ ರೈಲ್ವೆ ಅಂಗಳದಲ್ಲೇ ಮಲಗಿದರು, ಬೆಳಿಗ್ಗೆ ಹಲವು ಬಾಗಿಲುಗಳು ಮುಚ್ಚಿದ ಮೇಲೆ ಹೇಲ್ ಎಂಬಾಕೆ ಒಳಗೆ ಕರೆದರು. ಇದನ್ನು ಧೈರ್ಯದ ಕತೆಯಾಗಿ ಹೇಳುವುದು ವಾಡಿಕೆ. ನನಗೆ ಇದು ಬಾಗಿಲು ತೆರೆದವರ ಕತೆಯಾಗಿ ಕಾಣುತ್ತದೆ.

ಇದರ ಪಕ್ಕದಲ್ಲಿ ಇನ್ನೊಬ್ಬರ ಅನುಭವ ಇಡಬೇಕು. 1917ರಲ್ಲಿ ಅಂಬೇಡ್ಕರ್ ಬರೋಡಾಕ್ಕೆ ಬಂದಾಗ ಅವರಿಗೆ ಕೊಲಂಬಿಯಾದ ವಿದ್ಯೆಯಿತ್ತು, ಸಂಸ್ಥಾನದ ನೌಕರಿಯಿತ್ತು, ಕೊಡಲು ದುಡ್ಡಿತ್ತು. ಇಲ್ಲದ್ದು ಉಳಿಯಲು ಜಾಗ. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲವೆಂದು ಗೊತ್ತಿದ್ದು, ಪಾರ್ಸಿಯ ಹೆಸರು ಹೇಳಿ ಪಾರ್ಸಿಗಳ ಒಂದು ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂತು. ಆ ಸಂಜೆ ಮುಂಬಯಿ ರೈಲಿಗಾಗಿ ಅವರು ಐದು ಗಂಟೆ ಕಾಲ ಕಾದದ್ದು ಒಂದು ಸಾರ್ವಜನಿಕ ಉದ್ಯಾನದಲ್ಲಿ. ಈ ಘಟನೆ ಇರುವ ಅವರ ಟಿಪ್ಪಣಿಗಳ ಹೆಸರು 'ವೇಟಿಂಗ್ ಫಾರ್ ಎ ವೀಸಾ'. ಸ್ವಂತ ದೇಶದಲ್ಲಿ ಕಾಯುತ್ತಿರುವ ವೀಸಾ. ಹೆಸರು ಬದಲಿಸಿ ಹೇಳಿದ್ದು ಸುಳ್ಳಾಗಿತ್ತೇ ಎಂದು ಈಗ ಕೇಳಿಕೊಳ್ಳಿ. ನಾನು ಮೇಲೆ ಸುಳ್ಳಿನ ಬಗ್ಗೆ ಎಳೆದ ಗೆರೆ ಇಲ್ಲಿ ನಿಲ್ಲುವುದಿಲ್ಲ. ನನಗೆ ಸತ್ಯ ಹೇಳಲು ಅರ್ಜಿಯಲ್ಲಿ ಒಂದು ಖಾನೆಯಾದರೂ ಇತ್ತು. ಅವರ ಮುಂದೆ ಸತ್ಯಕ್ಕೆ ಖಾನೆಯೇ ಇರಲಿಲ್ಲ.

ಹಾಗಾಗಿ ನಮ್ಮ ಹಳೆಯ ಆತಿಥ್ಯವನ್ನು ಹೊಗಳಿ ಅವರ ಹೋಟೆಲುಗಳನ್ನು ಬೈಯುವ ಲೇಖನ ಇದಾಗಲಾರದು. ಮಲೆ ಮಹದೇಶ್ವರ ಬೆಟ್ಟದ ದಾಸೋಹದಲ್ಲಿ ಎಲೆ ಮೊದಲು, ಪ್ರಶ್ನೆ ಆಮೇಲೂ ಇಲ್ಲ. ಆದರೆ ಛತ್ರಗಳಲ್ಲಿ ಪಂಕ್ತಿಭೇದವಿತ್ತು. ವಾರಾನ್ನ ಉಂಡು ಓದಿ ದೊಡ್ಡವರಾದವರ ನೆನಪುಗಳನ್ನು ಓದುವಾಗ, ಆ ಮನೆಗಳ ಬಾಗಿಲಿಗೂ ಹೋಗಲಾಗದಿದ್ದ ಹುಡುಗರು ಏನುಂಡರು ಎಂಬ ಪ್ರಶ್ನೆ ಬಿಡುವುದಿಲ್ಲ. ಇವತ್ತಿಗೂ ನಮ್ಮ ಸೀಮೆಯ ಹಳ್ಳಿಗೆ ವರ್ಗವಾಗಿ ಬರುವ ಮೇಷ್ಟ್ರು ಬಾಡಿಗೆ ಮನೆ ಕೇಳಿದರೆ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ಜಾತಿಯದು. ಹೋಟೆಲಿನ ಕೌಂಟರಿನಲ್ಲಿ ಹಾಗೆ ಕೇಳುವುದಿಲ್ಲ. ದುಡ್ಡು ಕೊಟ್ಟರೆ ಕೀಲಿ ಕೊಡುತ್ತಾರೆ. ಗಿರಾಕಿಯಾಗುವುದರಲ್ಲಿ ಒಂದು ಬಗೆಯ ಬಿಡುಗಡೆಯಿದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ತೊಂದರೆಯೆಂದರೆ ಆ ಬಿಡುಗಡೆಗೆ ಬೆಲೆಯಿದೆ, ಮತ್ತು ಆ ಬೆಲೆ ಯೂರೋದಲ್ಲಿದೆ.

ಹೋಗಲೇಬೇಕೇ ಎಂದು ಗೆಳತಿಯೊಬ್ಬಳು ಕೇಳಿದಳು. ಈ ದುಡ್ಡಿನಲ್ಲಿ ಎಷ್ಟು ಹುಡುಗಿಯರಿಗೆ ಸೈಕಲ್ ಬರುತ್ತದೆ ಎಂದು ಲೆಕ್ಕವನ್ನೂ ಹಾಕಿದಳು. ಅವಳ ಲೆಕ್ಕ ಸರಿ. 1990ರ ಮಾರ್ಚಿನಲ್ಲಿ 'ಎಲ್ಲರಿಗೂ ಶಿಕ್ಷಣ' ಎಂಬ ವಿಶ್ವ ಸಮ್ಮೇಳನ ನಡೆದದ್ದು ಥಾಯ್ಲೆಂಡಿನ ಜೋಮ್ತಿಯನ್ ಎಂಬಲ್ಲಿ, ಅದು ಪಟ್ಟಾಯದ ಮಗ್ಗುಲಿನ ಕಡಲತೀರದ ವಿಹಾರಧಾಮ. 155 ದೇಶಗಳ ಪ್ರತಿನಿಧಿಗಳು ಐದು ದಿನ ಅಲ್ಲಿದ್ದರು. ಅದರಲ್ಲಿ ಅಣಕವಿದೆ, ಒಪ್ಪುತ್ತೇನೆ. ಆದರೆ ಅಲ್ಲಿ ಕೊಟ್ಟ ಮಾತಿನ ಬೆನ್ನಿಗೇ 1994ರಲ್ಲಿ ನಮ್ಮಲ್ಲಿ ಡಿಪಿಇಪಿ ಬಂತು, ಕರ್ನಾಟಕದ ಹಳ್ಳಿಗಳಲ್ಲಿ ಕೋಣೆಗಳು ಎದ್ದವು. ಸೈಕಲ್ಲಿನ ಲೆಕ್ಕ ಹಾಕುವವರು ಈ ಕೋಣೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾತಿಗೆ ಬೆಲೆಯಿಲ್ಲ ಎಂದು ನಂಬಿದ್ದರೆ ನಾನು ಪಿಎಚ್‌.ಡಿ.ಯನ್ನೇ ಬಿಡಬೇಕಿತ್ತು. ನನ್ನ ತಕರಾರು ಸಮ್ಮೇಳನದ ಮೇಲಿಲ್ಲ, ಅದರ ಕೊನೆಯ ಪ್ಯಾರಾದ ಮೇಲಿದೆ.

ಆ ಪ್ಯಾರಾದ ಅಡಿಯಲ್ಲಿ ಇನ್ನೂ ಸಣ್ಣ ಅಕ್ಷರದಲ್ಲಿ ನೆರವಿನ ಮಾತೂ ಇರುತ್ತದೆ. ಬಡ ದೇಶಗಳ ಸಂಶೋಧಕರಿಗೆ ಪ್ರಯಾಣ ವೆಚ್ಚದ ಒಂದು ಪಾಲನ್ನು ಸಮ್ಮೇಳನ ಮುಗಿದ ಮೇಲೆ, ಬೋರ್ಡಿಂಗ್ ಪಾಸು ಮತ್ತು ಬಿಲ್ಲುಗಳನ್ನು ಸಲ್ಲಿಸಿದ ಮೇಲೆ ಮರಳಿ ಕೊಡಲಾಗುವುದು. ಮೊದಲು ಖರ್ಚು ಮಾಡಬಲ್ಲವರಿಗಷ್ಟೇ ಸಿಗುವ ನೆರವನ್ನು ಬಡವರ ನೆರವು ಎಂದು ಕರೆದವರು ಕೆಟ್ಟವರೇನಲ್ಲ. ಟಿಕೆಟ್ಟಿನ ದುಡ್ಡಿಗೆ ಎರಡು ತಿಂಗಳು ಬಡ್ಡಿ ಕಟ್ಟುವುದೆಂದರೆ ಏನೆಂದು ಅವರಿಗೆ ಹೊಳೆದಿಲ್ಲ, ಅಷ್ಟೆ. ಟಿಕೆಟನ್ನು ನೀವೇ ಕೊಂಡು ಕಳಿಸಿ, ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಒಂದು ಮಂಚ ಕೊಡಿ, ಊಟ ನಾನು ನೋಡಿಕೊಳ್ಳುತ್ತೇನೆ ಎಂದು ಬರೆದೆ. ದಯೆ ಕೇಳುವ ಧ್ವನಿ ಬರದಂತೆ ಆ ಪತ್ರವನ್ನು ನಾಲ್ಕು ಸಲ ತಿದ್ದಿದೆ. ಹಾಸ್ಟೆಲಿನ ಮಂಚಕ್ಕೆ ಒಪ್ಪಿಗೆ ಬಂದಿದೆ. ಟಿಕೆಟ್ಟಿನ ವಿಷಯ ಸಮಿತಿಯ ಮುಂದಿದೆಯಂತೆ.

ಕಳೆದ ಭಾನುವಾರ ಊರಿಗೆ ಹೋಗಿ ಹೊಣೆಪತ್ರವನ್ನು ಚಿಕ್ಕಪ್ಪನಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಉಳಿಯುವ ಖರ್ಚು, ಊಟದ ಖರ್ಚು, ಕಾಯಿಲೆ ಬಿದ್ದರೆ ಅದರ ಖರ್ಚು, ವಾಪಸ್ ಬರುವ ಖರ್ಚು.

"ನಿನ್ನ ವಾಪಸ್ ಕರ್ಕಂಡು ಬರದೂ ನನ್ನ ಮೇಲೇ ಬರ್ದವ್ರಾ?" ಅಂದ.

ಹೂಂ ಅಂದೆ. "ಅದ ಬರ್ದು ಕೊಡಬೇಕಾ ಇವ್ರಿಗ?" ಎನ್ನುತ್ತ ಪೆನ್ನು ಕೇಳಿದ.